ಕ್ರೈಸ್ತಧರ್ಮದಲ್ಲಿ ಆತ್ಮಾರ್ಪಣೆಯ ಅರ್ಥ

ತ್ಯಾಗವನ್ನು ಕೊಂಡಾಡದ ಮತಧರ್ಮವಿಲ್ಲ. ಆದರೆ ಯಾರು, ಯಾರಿಗಾಗಿ, ಏತಕ್ಕಾಗಿ ತ್ಯಜಿಸಬೇಕೆಂಬ ಪ್ರಶ್ನೆಗೆ ಎಲ್ಲ ಧರ್ಮಗಳೂ ಒಂದೇ ಉತ್ತರವನ್ನು ಕೊಡುವುದಿಲ್ಲ. ಕ್ರೈಸ್ತಧರ್ಮವನ್ನು ಹೊರಗಿನಿಂದ ನೋಡುವವರಿಗೆ ಅದರ ತ್ಯಾಗಭಾವನೆಯು ಶಿಲುಬೆಯ ಮೇಲೆ ನೆತ್ತರು ಸುರಿಸುತ್ತಿರುವ ಒಂದು ಮೂರ್ತಿಯ ರೂಪದಲ್ಲಿ ಮಾತ್ರ ಗೋಚರಿಸುತ್ತದೆ. ಇದರಿಂದ ಎರಡು ತಪ್ಪು ತಿಳಿವಳಿಕೆಗಳು ಬೇರೂರಿವೆ. ದೇಹವನ್ನು ದಂಡಿಸಿದಷ್ಟೂ ದೇವರು ಒಲಿಯುತ್ತಾನೆಂಬುದೇ ಆ ಧರ್ಮದ ಮತವೆಂದು ಬಗೆಯುವುದು ಒಂದು. ಯೇಸುಕ್ರಿಸ್ತನೇ ಎಲ್ಲರ ಪರವಾಗಿ ಮಡಿದಿರುವುದರಿಂದ ಭಕ್ತನು ಮಾಡಬೇಕಾದುದೇನೂ ಉಳಿದಿಲ್ಲವೆಂದು ಬಗೆಯುವುದು ಇನ್ನೊಂದು. ಪರಸ್ಪರ ವಿರುದ್ಧವಾದ ಈ ಎರಡೂ ಮಾತುಗಳು ಒಮ್ಮೊಮ್ಮೆ ಒಬ್ಬರ ಬಾಯಿಂದಲೇ ಬರುವುದುಂಟು.

ಬೆಂಗಳೂರಿನ ಉತ್ತರ ಭಾಗದಲ್ಲಿ, ಬಳ್ಳಾರಿ ರಸ್ತೆಯ ಮೇಲೆ, ಹೆಬ್ಬಾಳದಲ್ಲಿ ಬ್ಯಾಪ್ಟಿಸ್ಟ್ ಆಸ್ಪತ್ರೆಯೆಂದು ಹೆಸರಾದ ಸಂಸ್ಥೆಯೊಂದಿದೆ. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಸಭೆಯ ವಿದೇಶ ಮಿಷನ್ ಇದನ್ನು ೧೯೭೩ರ ಜನವರಿಯಲ್ಲಿ ೮೦ ಹಾಸಿಗೆಗಳೊಡನೆ ಆರಂಭಿಸಿತು. ಮರುವರ್ಷ, ೧೯೭೪ರಲ್ಲಿ, ಟೆಕ್ಸಾಸ್ ಪ್ರಾಂತದಿಂದ ರೆಬೆಕಾ ನೇಲರ್ ಎಂಬ ಶಸ್ತ್ರವೈದ್ಯೆ ಇಲ್ಲಿಗೆ ಬಂದರು. ಅನಂತರದ ದಶಕಗಳಲ್ಲಿ ಶಸ್ತ್ರಚಿಕಿತ್ಸೆಯನ್ನೂ ಆಡಳಿತವನ್ನೂ ನಿರ್ವಹಿಸಿದ ಅವರ ಹೆಸರನ್ನು ಅಲ್ಲಿಯ ದಾದಿಯರ ಶಿಕ್ಷಣಶಾಲೆ ಇಂದಿಗೂ ಹೊತ್ತಿದೆ. ತಾಯ್ನಾಡಿನಲ್ಲಿ ಸುಖವಾಗಿ ನಡೆಸಬಹುದಾಗಿದ್ದ ವೃತ್ತಿಯನ್ನು ಬಿಟ್ಟು ಪರದೇಶದ ರೋಗಿಗಳ ನಡುವೆ ಯೌವನವನ್ನು ಕಳೆಯುವುದನ್ನು ಲೋಕವು ತ್ಯಾಗವೆಂದೇ ಕರೆಯುತ್ತದೆ. ಆ ಕಾರ್ಯಕ್ಕೆ ಪ್ರೇರಣೆಯಾದ ಧರ್ಮವು ಅದನ್ನು ಏನೆಂದು ಕರೆಯುತ್ತದೆ ಎಂಬುದನ್ನು ಅರಿಯಬೇಕಾದರೆ ಮೊದಲು ಅದರ ಶಬ್ದಗಳನ್ನು ವಿಚಾರಿಸಬೇಕಾಗುತ್ತದೆ.

ಶಬ್ದಗಳ ವಿಷಯದಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ಹೆಬ್ಬಾಳದ ಮುಂದಿನಿಂದ ಹಾದುಹೋಗುವ ರಸ್ತೆಯು ಯಾವ ಊರಿನ ಹೆಸರನ್ನು ಪಡೆದಿದೆಯೋ ಆ ಬಳ್ಳಾರಿಯಲ್ಲಿಯೇ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ೧೮೧೦ರಲ್ಲಿ ನೆಲೆಸಿ ಬೈಬಲ್ಲನ್ನು ಕನ್ನಡಿಸುವ ಕಾರ್ಯಕ್ಕೆ ತೊಡಗಿದನು. ಅಂದಿನಿಂದ ಕ್ರೈಸ್ತ ಅನುವಾದಕರು ತಮ್ಮ ಪರಿಭಾಷೆಯನ್ನು ಈ ನಾಡಿನ ಧರ್ಮಭಾಷೆಯಿಂದಲೇ ಆರಿಸಿಕೊಳ್ಳುತ್ತ ಬಂದರು. ಯಜ್ಞ, ಬಲಿ, ಸರ್ವಾಂಗಹೋಮ, ನೈವೇದ್ಯ ಮೊದಲಾದ ಮಾತುಗಳು ಕನ್ನಡ ಬೈಬಲ್ಲಿನಲ್ಲಿ ಹೇರಳವಾಗಿವೆ. ಕನ್ನಡ ಕಥೋಲಿಕರು ತಮ್ಮ ನಿತ್ಯದ ಆರಾಧನೆಯನ್ನು ‘ಬಲಿಪೂಜೆ’ಯೆಂದೂ ಅಲ್ಲಿ ಸ್ವೀಕರಿಸುವ ರೊಟ್ಟಿಯನ್ನು ‘ಪರಮಪ್ರಸಾದ’ವೆಂದೂ ಕರೆಯುತ್ತಾರೆ. ಈಸ್ಟರಿಗೆ ಮೊದಲಿನ ನಲವತ್ತು ದಿನಗಳ ವ್ರತವು ಅವರಿಗೆ ‘ತಪಸ್ಸು ಕಾಲ’. ಅದು ಆರಂಭವಾಗುವುದು ಹಣೆಗೆ ಬೂದಿಯನ್ನು ಧರಿಸುವ ‘ವಿಭೂತಿ ಬುಧವಾರ’ದಂದು. ನಿಘಂಟುಕಾರ ಕಿಟ್ಟೆಲ್ಲನು ೧೮೭೨ರಲ್ಲಿ ಯಜ್ಞವನ್ನೇ ವಿಷಯವಾಗಿಟ್ಟುಕೊಂಡು ‘ಯಜ್ಞಸುಧಾನಿಧಿ’ ಎಂಬ ಪುಸ್ತಕವನ್ನು ಪ್ರಕಟಿಸಿದುದು ಈ ಶಬ್ದದ ಭಾರವನ್ನು ಅವನು ಬಲ್ಲವನಾಗಿದ್ದನೆಂಬುದನ್ನು ಸೂಚಿಸುತ್ತದೆ. ಆದರೆ ಶಬ್ದವು ಒಂದೇ ಆದಮಾತ್ರಕ್ಕೆ ಅರ್ಥವೂ ಒಂದೇ ಆಗಬೇಕಾಗಿಲ್ಲ. ಪರಿಚಿತವಾದ ಮಾತೇ ಅನೇಕ ವೇಳೆ ಅಪರಿಚಿತವಾದ ಅರ್ಥವನ್ನು ಮರೆಮಾಡುತ್ತದೆ.

ಬಲಿಯೆಂಬುದಕ್ಕೆ ಹೀಬ್ರೂ ಭಾಷೆಯಲ್ಲಿರುವ ‘ಕೊರ್ಬಾನ್’ ಎಂಬ ಶಬ್ದವು ಸಮೀಪಿಸುವುದು ಎಂಬ ಅರ್ಥದ ಧಾತುವಿನಿಂದ ಹುಟ್ಟಿದುದು. ಲ್ಯಾಟಿನ್ನಿನ ‘ಸಾಕ್ರಿಫಿಕಿಯುಮ್’ ಎಂಬುದಕ್ಕೆ ಪವಿತ್ರಗೊಳಿಸುವುದೆಂದು ಅರ್ಥ. ಕಳೆದುಕೊಳ್ಳುವುದು, ನೋಯುವುದು ಎಂಬ ಅರ್ಥ ಎರಡರ ಮೂಲದಲ್ಲಿಯೂ ಇಲ್ಲವೆಂಬುದು ಗಮನಿಸತಕ್ಕ ಅಂಶ. ಯೆಹೂದ್ಯರ ಯಾಜಕಕಾಂಡದಲ್ಲಿ ಪಶು, ಪಕ್ಷಿ, ಧಾನ್ಯಗಳ ಅರ್ಪಣೆಗೆ ವಿವರವಾದ ವಿಧಿಗಳಿವೆ. ಆದರೆ ಅದೇ ಜನಾಂಗದ ಪ್ರವಾದಿಗಳಾದ ಆಮೋಸ, ಹೋಶೇಯ, ಯೆಶಾಯ, ಮೀಕ ಮೊದಲಾದವರು ನ್ಯಾಯವೂ ಕರುಣೆಯೂ ಇಲ್ಲದ ಬಲಿಯನ್ನು ದೇವರು ಹೇಸುತ್ತಾನೆಂದು ಕ್ರಿಸ್ತನಿಗೆ ಶತಮಾನಗಳ ಹಿಂದೆಯೇ ಗುಡುಗಿದ್ದರು. ದಯೆಯನ್ನೇ ಧರ್ಮದ ಮೂಲವೆಂದು ನಂಬಿದ ಶರಣರ ನಾಡಿನ ಓದುಗರಿಗೆ ಈ ಧ್ವನಿಯು ಹೊಸದಾಗಿ ಕೇಳಿಸಲಾರದು. ಕ್ರಿ.ಶ. ೭೦ರಲ್ಲಿ ರೋಮನ್ನರು ಜೆರೂಸಲೇಮಿನ ದೇವಾಲಯವನ್ನು ಕೆಡವಿದಂದಿನಿಂದ ಅಲ್ಲಿಯ ಪಶುಬಲಿಯೂ ನಿಂತುಹೋಯಿತು.

ಕ್ರೈಸ್ತಸಿದ್ಧಾಂತವು ತನ್ನ ಪೂರ್ವಿಕರಿಂದ ಬೇರೆಯಾಗುವುದು ಇಲ್ಲಿ. ಇಬ್ರಿಯರಿಗೆ ಬರೆದ ಪತ್ರವೆಂಬ ಹೊಸ ಒಡಂಬಡಿಕೆಯ ಗ್ರಂಥಭಾಗವು ಕ್ರಿಸ್ತನ ಮರಣವನ್ನು ಒಂದೇ ಸಾರಿ ನಡೆದು ಎಂದೆಂದಿಗೂ ಸಾಲುವ ಬಲಿಯೆಂದು ಪ್ರತಿಪಾದಿಸುತ್ತದೆ. ಅರ್ಪಿಸುವ ಯಾಜಕನೂ ಅರ್ಪಿತವಾದ ವಸ್ತುವೂ ಅಲ್ಲಿ ಒಬ್ಬನೇ. ಅಷ್ಟೇ ಅಲ್ಲ, ಮನುಷ್ಯನು ದೇವರಿಗೆ ಕೊಡುವುದರ ಬದಲು ದೇವರೇ ಮನುಷ್ಯನಿಗೆ ತನ್ನನ್ನು ಕೊಟ್ಟುಕೊಂಡನೆಂಬುದು ಆ ಮತದ ತಿರುಳು. ಹೀಗಾಗಿ ಬಲಿಯ ದಿಕ್ಕೇ ತಿರುಗಿತು. ಈ ಮರಣವು ಹೇಗೆ ಫಲಕಾರಿಯಾಯಿತೆಂಬುದನ್ನು ಕುರಿತು ವಾದಗಳು ಇಂದಿಗೂ ಮುಗಿದಿಲ್ಲ. ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಆನ್ಸೆಲ್ಮನು ದೇವರ ಗೌರವಕ್ಕೆ ಸಲ್ಲಬೇಕಾಗಿದ್ದ ಋಣದ ಸಂದಾಯವೆಂದು ಅದನ್ನು ವಿವರಿಸಿದನು. ಬಸವಣ್ಣನವರ ಶತಮಾನದಲ್ಲಿಯೇ ಬಾಳಿ ೧೧೪೨ರಲ್ಲಿ ತೀರಿಕೊಂಡ ಅಬೆಲಾರ್ಡನು ಮನುಷ್ಯನ ಹೃದಯದಲ್ಲಿ ಪ್ರೇಮವನ್ನು ಹೊತ್ತಿಸಿದ ದೃಷ್ಟಾಂತವೆಂದು ತಿಳಿದನು. ಸಾಲದ ಲೆಕ್ಕಕ್ಕಿಂತ ಪ್ರೇಮದ ವಿವರಣೆಯೇ ಭಕ್ತಿಮಾರ್ಗದವರಿಗೆ ಹೆಚ್ಚು ಹತ್ತಿರವೆನಿಸುವುದು ಸಹಜ. ಆದರೂ ಮೊದಲನೆಯದನ್ನು ಕ್ರೈಸ್ತರಲ್ಲಿ ಬಹುಮಂದಿ ಇಂದಿಗೂ ಬಿಟ್ಟುಕೊಟ್ಟಿಲ್ಲ. ಕಥೋಲಿಕರು ಬಲಿಪೂಜೆಯಲ್ಲಿ ಆ ಒಂದೇ ಬಲಿಯು ಸನ್ನಿಹಿತವಾಗುತ್ತದೆಂದು ನಂಬಿದರೆ, ಪ್ರಾಟೆಸ್ಟೆಂಟರಲ್ಲಿ ಅನೇಕರು ಅದನ್ನು ಸ್ಮರಣೆಯ ಭೋಜನವೆಂದು ಮಾತ್ರ ಒಪ್ಪುತ್ತಾರೆ.

ಹಾಗಾದರೆ ಭಕ್ತನ ಪಾಲಿಗೆ ಉಳಿದುದೇನು? ಸಂತ ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿ ದೇವರ ಕರುಣೆಯನ್ನು ಹನ್ನೊಂದು ಅಧ್ಯಾಯಗಳವರೆಗೆ ವಿವರಿಸಿ, ಹನ್ನೆರಡನೆಯದರ ಆರಂಭದಲ್ಲಿ ಮೊದಲ ಬಾರಿಗೆ ಭಕ್ತರು ತಮ್ಮ ದೇಹಗಳನ್ನೇ ಜೀವಂತ ಯಜ್ಞವಾಗಿ ಅರ್ಪಿಸಬೇಕೆಂದು ಕೇಳುತ್ತಾನೆ. ಈ ಕ್ರಮವೇ ಮುಖ್ಯವಾದುದು. ಕೃಪೆ ಮೊದಲು, ಅರ್ಪಣೆ ಆಮೇಲೆ. ಭಕ್ತನು ತೊರೆಯುವುದು ಕೃಪೆಯನ್ನು ಕೊಳ್ಳುವುದಕ್ಕಲ್ಲ, ಈಗಾಗಲೇ ಬಂದಿರುವ ಕೃಪೆಗೆ ಕೃತಜ್ಞನಾಗಿ. ಇನ್ನು ‘ಜೀವಂತ’ ಎಂಬ ವಿಶೇಷಣದ ಸ್ವಾರಸ್ಯವನ್ನೂ ನೋಡಬೇಕು. ಬಲಿಯಾದ ಪಶು ಒಮ್ಮೆ ಸತ್ತು ಮುಗಿಯುತ್ತದೆ. ಬದುಕಿರುವ ಬಲಿಯಾದರೋ ಪ್ರತಿದಿನ ಬೆಳಗ್ಗೆ ಎದ್ದು ಮತ್ತೆ ತನ್ನನ್ನು ಅರ್ಪಿಸಿಕೊಳ್ಳಬೇಕು. ಸಾಯುವ ಧೈರ್ಯಕ್ಕಿಂತ ಇದು ಕಡಿಮೆಯದಲ್ಲ. ಅರ್ಪಿಸಿದುದು ಪ್ರಸಾದವಾಗಿ ಮರಳುತ್ತದೆಂಬ ವೀರಶೈವರ ಅನುಭವಕ್ಕೂ ಪ್ರಸಾದವನ್ನು ಉಂಡವನೇ ಅರ್ಪಿಸಬಲ್ಲನೆಂಬ ಈ ಮಾತಿಗೂ ನಡುವೆ ಇರುವ ಸಾಮ್ಯವೈಷಮ್ಯಗಳು ತೌಲನಿಕ ಅಧ್ಯಯನಕ್ಕೆ ಯೋಗ್ಯವಾಗಿವೆ.

ತ್ಯಾಗಕ್ಕೆ ಬೆಲೆ ಕಟ್ಟುವ ರೀತಿಯೂ ಬೇರೆ. ದೇವಾಲಯದ ಬೊಕ್ಕಸಕ್ಕೆ ಧನಿಕರು ಹೇರಳವಾಗಿ ಹಾಕುತ್ತಿರುವಾಗ ಬಡ ವಿಧವೆಯೊಬ್ಬಳು ಎರಡು ಕಿರುಕಾಸುಗಳನ್ನು ಹಾಕಿದ ಕಥೆಯು ಸುವಾರ್ತೆಯಲ್ಲಿ ಪ್ರಸಿದ್ಧ. ಅವಳೇ ಎಲ್ಲರಿಗಿಂತ ಹೆಚ್ಚು ಕೊಟ್ಟವಳೆಂದು ಯೇಸುವು ಶಿಷ್ಯರಿಗೆ ತೋರಿಸುತ್ತಾನೆ. ಗಂಡ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನು ಆ ವಿಧವೆಯ ಪಕ್ಕದಲ್ಲಿ ನಿಲ್ಲತಕ್ಕವಳು. ಒಬ್ಬಳು ಇದ್ದುದೆಲ್ಲವನ್ನೂ ಕೊಟ್ಟಳು, ಇನ್ನೊಬ್ಬಳು ಬೇಕಾದುದಕ್ಕಿಂತ ಹೆಚ್ಚನ್ನು ಒಲ್ಲೆನೆಂದಳು. ಪೌಲನು ಇನ್ನೂ ಮುಂದೆ ಹೋಗಿ, ಸರ್ವಸ್ವವನ್ನು ದಾನಮಾಡಿ ದೇಹವನ್ನೇ ಒಪ್ಪಿಸಿಕೊಟ್ಟರೂ ಪ್ರೀತಿಯಿಲ್ಲದಿದ್ದರೆ ಅದು ನಿಷ್ಫಲವೆಂದು ಕೊರಿಂಥದವರಿಗೆ ಬರೆಯುತ್ತಾನೆ. ತ್ಯಾಗವೂ ಅಹಂಕಾರದ ಒಂದು ವೇಷವಾಗಬಲ್ಲುದೆಂಬ ಎಚ್ಚರಿಕೆ ಇದು. ದೇಹದಂಡನೆಯಲ್ಲಿಯೇ ಪುಣ್ಯವನ್ನು ಎಣಿಸಿದ ತಪಸ್ವಿಗಳು ಕ್ರೈಸ್ತ ಇತಿಹಾಸದಲ್ಲಿ ಇಲ್ಲದಿಲ್ಲ. ಅವರು ಈ ಅಧ್ಯಾಯವನ್ನು ಅವಸರದಲ್ಲಿ ಓದಿರಬೇಕು.

ಕೃಪೆಯು ಧರ್ಮಾರ್ಥವಾಗಿ ಬಂದುದಾದರೂ ಅಗ್ಗವಾದುದಲ್ಲವೆಂಬುದನ್ನು ಇಪ್ಪತ್ತನೆಯ ಶತಮಾನದಲ್ಲಿ ಬಲವಾಗಿ ಹೇಳಿದವನು ಜರ್ಮನಿಯ ಬೋನ್‌ಹೋಫರ್. ಶಿಷ್ಯತ್ವದ ಬೆಲೆಯನ್ನು ಕುರಿತು ಅವನು ೧೯೩೭ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಹಿಟ್ಲರನ ಆಡಳಿತವನ್ನು ವಿರೋಧಿಸಿದುದಕ್ಕಾಗಿ ೧೯೪೫ರ ಏಪ್ರಿಲ್ ೯ರಂದು ಗಲ್ಲಿಗೇರಿದನು. ಪೋಲೆಂಡಿನ ಸಂನ್ಯಾಸಿ ಮ್ಯಾಕ್ಸಿಮಿಲಿಯನ್ ಕೋಲ್ಬೆ ೧೯೪೧ರಲ್ಲಿ ಆಶ್‌ವಿಟ್ಸ್ ಸೆರೆಶಿಬಿರದಲ್ಲಿ, ಮರಣಕ್ಕೆ ಗುರಿಯಾಗಿದ್ದ ಸಂಸಾರಸ್ಥನೊಬ್ಬನ ಸ್ಥಾನಕ್ಕೆ ತಾನೇ ಹೋಗಿ ನಿಂತನು. ಬದುಕುಳಿದ ಆ ಸಂಸಾರಸ್ಥನು ೧೯೮೨ರಲ್ಲಿ ಕೋಲ್ಬೆಗೆ ಸಂತಪದವಿಯನ್ನು ಘೋಷಿಸಿದಾಗ ರೋಮಿನಲ್ಲಿ ಹಾಜರಿದ್ದನು. ಇಂಥ ಸಂದರ್ಭಗಳು ಅಪೂರ್ವ. ಸಾಮಾನ್ಯ ಭಕ್ತನ ತ್ಯಾಗವು ಇಷ್ಟು ಸ್ಪಷ್ಟವಾದ ಒಂದು ಗಳಿಗೆಯಲ್ಲಿ ಎದುರಾಗುವುದಿಲ್ಲ.

ಹೆಬ್ಬಾಳದ ಆಸ್ಪತ್ರೆಯ ಆಡಳಿತವನ್ನು ೧೯೮೯ರಲ್ಲಿ ವಹಿಸಿಕೊಂಡ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮೂಲಕಥೆಯು ಇದಕ್ಕೆ ನಿದರ್ಶನ. ಮಿಷನರಿಗಳ ವಂಶದಲ್ಲಿ ಹುಟ್ಟಿದ ಐಡಾ ಸ್ಕಡರಳಿಗೆ ಆ ಕೆಲಸವು ಬೇಡವಾಗಿತ್ತು. ಅಮೆರಿಕದಲ್ಲಿ ಓದಿ, ತಮಿಳುನಾಡಿನ ತಿಂಡಿವನಕ್ಕೆ ತಂದೆತಾಯಿಗಳನ್ನು ನೋಡಲು ಬಂದಿದ್ದಾಗ ಒಂದೇ ರಾತ್ರಿ ಮೂವರು ಗಂಡಸರು, ಅವರಲ್ಲಿ ಒಬ್ಬ ಬ್ರಾಹ್ಮಣ, ಒಬ್ಬ ಮುಸಲ್ಮಾನ, ಹೆರಿಗೆಯ ಸಂಕಟದಲ್ಲಿದ್ದ ತಮ್ಮ ಹೆಂಡತಿಯರ ಬಳಿಗೆ ಬರಬೇಕೆಂದು ಅವಳನ್ನು ಬೇಡಿದರು. ತಾನು ವೈದ್ಯಳಲ್ಲ, ತಂದೆಯೇ ವೈದ್ಯರೆಂದು ಅವಳು ಹೇಳಿದರೂ ಪರಪುರುಷನನ್ನು ಒಳಗೆ ಬಿಡಲು ಅವರು ಸಮ್ಮತಿಸಲಿಲ್ಲ. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ಸತ್ತಿದ್ದರು. ಐಡಾ ಮರಳಿ ಹೋಗಿ ೧೮೯೯ರಲ್ಲಿ ವೈದ್ಯಪದವಿಯನ್ನು ಪಡೆದು ವೆಲ್ಲೂರಿಗೆ ಬಂದಳು. ೧೯೧೮ರಲ್ಲಿ ಹೆಂಗಸರಿಗಾಗಿ ವೈದ್ಯಶಾಲೆಯನ್ನು ತೆರೆದಳು. ೧೯೬೦ರಲ್ಲಿ ಕೊನೆಯುಸಿರೆಳೆಯುವವರೆಗೂ ಈ ನಾಡಿನಲ್ಲಿಯೇ ಉಳಿದಳು. ಅವಳು ತನ್ನ ಬಯಕೆಗಳನ್ನು ಬಿಟ್ಟಳೆನ್ನುವುದು ನಿಜ. ಆದರೆ ಆ ರಾತ್ರಿ ಪ್ರಾಣವನ್ನು ಕಳೆದುಕೊಂಡವರು ಆ ಮೂವರು ಹೆಂಗಸರು. ಅವರದು ತ್ಯಾಗವಲ್ಲ, ಲೋಕದ ಕಟ್ಟಳೆಯು ಅವರನ್ನು ಬಲಿ ತೆಗೆದುಕೊಂಡಿತು. ತಾನಾಗಿ ಕೊಡುವುದಕ್ಕೂ ಬಲಾತ್ಕಾರದಿಂದ ಕಸಿದುಕೊಳ್ಳಲ್ಪಡುವುದಕ್ಕೂ ಇರುವ ಅಂತರವನ್ನು ಮರೆತಲ್ಲಿ ತ್ಯಾಗದ ಉಪದೇಶವು ಕ್ರೌರ್ಯವಾಗಿ ಪರಿಣಮಿಸುತ್ತದೆ.

ಕ್ರೈಸ್ತರೂ ಇದನ್ನು ಮರೆತದ್ದುಂಟು. ಹೆಬ್ಬಾಳದ ಆಸ್ಪತ್ರೆಯನ್ನು ಕಟ್ಟಿಸಿದ ಸದರ್ನ್ ಬ್ಯಾಪ್ಟಿಸ್ಟ್ ಸಭೆಯೇ ೧೮೪೫ರಲ್ಲಿ ಹುಟ್ಟಿದುದು ಗುಲಾಮರ ಒಡೆತನದ ಪ್ರಶ್ನೆಯಲ್ಲಿ ಉತ್ತರದವರೊಡನೆ ಜಗಳವಾಡಿ, ಒಡೆಯರ ಪಕ್ಷವನ್ನು ವಹಿಸಿ. ಶಿಲುಬೆಯ ತಾಳ್ಮೆಯನ್ನು ಗುಲಾಮರಿಗೆ ಬೋಧಿಸಿ ಬೆತ್ತವನ್ನು ತಮ್ಮ ಕೈಯಲ್ಲಿಟ್ಟುಕೊಂಡ ಧಾರ್ಮಿಕರು ಆ ನಾಡಿನಲ್ಲಿ ಅನೇಕರಿದ್ದರು. ಆ ಸಭೆಯು ೧೯೯೫ರಲ್ಲಿ ಠರಾವು ಮಾಡಿ ಕ್ಷಮೆಯನ್ನು ಬೇಡಿತು. ನೂರೈವತ್ತು ವರ್ಷಗಳ ವಿಳಂಬವು ಅಲ್ಪವಲ್ಲ. ಹೆಣ್ಣುಮಕ್ಕಳಿಗೂ ಬಡವರಿಗೂ ಸಹನೆಯನ್ನು ಹಂಚಿ, ಹಂಚಿದವರು ಸುಖವಾಗಿರುವ ಪದ್ಧತಿಯು ಒಂದೇ ಧರ್ಮದ ಸೊತ್ತಲ್ಲವಾದ್ದರಿಂದ ಉಳಿದವರು ಇದನ್ನು ಕೇಳಿ ಸಮಾಧಾನಪಡುವಂತೆಯೂ ಇಲ್ಲ.

ಇನ್ನೊಂದು ಆಕ್ಷೇಪವು ನಮ್ಮ ದೇಶದ್ದೇ. ಸೇವೆಯ ಹಿಂದೆ ಮತಾಂತರದ ಉದ್ದೇಶವಿದ್ದರೆ ಅದು ತ್ಯಾಗವೆನಿಸೀತೆ? ಮಿಷನರಿಗಳ ಆಸ್ಪತ್ರೆ, ಶಾಲೆಗಳನ್ನು ಮೆಚ್ಚುತ್ತಲೇ ಗಾಂಧೀಜಿಯವರು ೧೯೩೦ರ ದಶಕದಲ್ಲಿ ಈ ಪ್ರಶ್ನೆಯನ್ನು ಮತ್ತೆ ಮತ್ತೆ ಎತ್ತಿದರು. ಸುವಾರ್ತೆಯನ್ನು ಸಾರುವುದು ತಮ್ಮ ಕರ್ತವ್ಯವೆಂದು ಮಿಷನರಿಗಳು ಮರೆಮಾಚದೆ ಹೇಳುತ್ತ ಬಂದಿರುವುದರಿಂದ ಪ್ರಶ್ನೆಯು ಅನ್ಯಾಯದ್ದಲ್ಲ. ಇದಕ್ಕೆ ಅಳತೆಗೋಲನ್ನು ಹೊರಗಿನಿಂದ ತರಬೇಕಾಗಿಯೂ ಇಲ್ಲ. ಕೊಂಡುಕೊಳ್ಳಲಾಗದ ಕೃಪೆಗೆ ಪ್ರತಿಯಾಗಿ ನಡೆಯುವ ಸೇವೆಯು ತಾನೂ ಮಾರಾಟದ ವಸ್ತುವಾಗಬಾರದೆಂಬುದು ಪೌಲನ ಕ್ರಮದಿಂದಲೇ ಸಿದ್ಧವಾಗುತ್ತದೆ. ಚಿಕಿತ್ಸೆಗೆ ನಂಬಿಕೆಯನ್ನು ಬೆಲೆಯಾಗಿ ಕೇಳಿದ ಕಡೆಯಲ್ಲೆಲ್ಲ ಆ ಸಿದ್ಧಾಂತವು ಮುರಿದುಬೀಳುತ್ತದೆ. ಕೇಳದ ಕಡೆಯಲ್ಲಿ, ರೋಗಿಯು ತನ್ನ ಇಷ್ಟದೈವವನ್ನು ನೆನೆಯುತ್ತಲೇ ಗುಣಹೊಂದಿ ಮನೆಗೆ ಹೋಗುವಲ್ಲಿ, ಅದು ಉಳಿಯುತ್ತದೆ.

ಯೊವಾನ್ನನ ಸುವಾರ್ತೆಯು ಶಿಲುಬೆಯ ಹಿಂದಿನ ರಾತ್ರಿಯನ್ನು ವರ್ಣಿಸುವಾಗ ಉಳಿದ ಮೂರು ಸುವಾರ್ತೆಗಳಲ್ಲಿರುವ ರೊಟ್ಟಿ ಮುರಿಯುವ ಸಂಗತಿಯನ್ನು ಬಿಟ್ಟು, ಬೇರೊಂದನ್ನು ಹೇಳುತ್ತದೆ. ಯೇಸುವು ಊಟದ ನಡುವೆ ಎದ್ದು, ಮೇಲುಹೊದಿಕೆಯನ್ನು ತೆಗೆದಿಟ್ಟು, ಸೊಂಟಕ್ಕೆ ವಸ್ತ್ರವನ್ನು ಕಟ್ಟಿಕೊಂಡು ಶಿಷ್ಯರ ಪಾದಗಳನ್ನು ತೊಳೆದನು. ಗುರುವಿನ ಪಾದೋದಕವನ್ನು ಶಿಷ್ಯನು ಸ್ವೀಕರಿಸುವುದನ್ನು ಬಲ್ಲ ನಾಡಿನಲ್ಲಿ ಈ ವ್ಯತ್ಯಾಸವು ಥಟ್ಟನೆ ಎದ್ದುಕಾಣುತ್ತದೆ. ಕಥೋಲಿಕ ದೇವಾಲಯಗಳಲ್ಲಿ ಪವಿತ್ರ ಗುರುವಾರದ ಸಂಜೆ ಗುರುಗಳು ಹನ್ನೆರಡು ಮಂದಿಯ ಪಾದಗಳನ್ನು ತೊಳೆದು ಒರಸುವುದು ಇದರ ನೆನಪಿಗಾಗಿ. ೨೦೧೬ರಿಂದ ಆ ಹನ್ನೆರಡರಲ್ಲಿ ಹೆಂಗಸರಿಗೂ ಸ್ಥಾನವಿದೆ. ಅಂದು ಶಿಷ್ಯರಲ್ಲಿ ಹಿರಿಯನೆನಿಸಿದ ಪೇತ್ರನು ಗುರುವಿಗೆ ತನ್ನ ಪಾದವನ್ನು ನೀಡಲು ಒಪ್ಪಲಿಲ್ಲ. ತೊಳೆಯಗೊಡದಿದ್ದರೆ ತನ್ನೊಡನೆ ಅವನಿಗೆ ಪಾಲಿಲ್ಲವೆಂದು ಯೇಸುವು ಹೇಳಿದ ಮೇಲೆಯೇ ಅವನು ಕಾಲು ಚಾಚಿದನು.