ಶಿವರಾತ್ರಿಗೆ ಚಳಿ ಹೋಗುವುದೇ?

ಕನ್ನಡದ ‘ಮಂಜು’ ಎಂಬ ಮಾತು ಬಲು ಉದಾರವಾದುದು. ಹಿಮಾಲಯದ ನೆತ್ತಿಯ ಮೇಲೆ ಬೀಳುವುದೂ ಮಂಜು. ಹೊನ್ನಾವರದಲ್ಲಿ ಬೆಳಗಿನ ಜಾವ ಶರಾವತಿಯ ಮೇಲೆ ಹೊದಿಕೆಯಂತೆ ಹಾಸಿಕೊಳ್ಳುವುದೂ ಮಂಜು. ಈ ಒಂದು ಶಬ್ದದ ದೆಸೆಯಿಂದ, ಈಚೆಗೊಂದು ಫೆಬ್ರವರಿಯಲ್ಲಿ, ಕುಮಟಾ ಪೇಟೆಯಿಂದ ತುಸು ದೂರದ ಒಂದು ಮನೆಯ ಜಗಲಿಯ ಮೇಲೆ ದೊಡ್ಡದೊಂದು ವಾಗ್ವಾದವೇ ನಡೆದುಹೋಯಿತು.

ಮನೆಯ ಯಜಮಾನರು ನಿವೃತ್ತ ಮಾಸ್ತರರು. ಜಗಲಿಯ ಕಂಬಕ್ಕೆ ಒಂದು ಉಷ್ಣಮಾಪಕವನ್ನು ತೂಗುಹಾಕಿ, ದಿನವೂ ಬೆಳಿಗ್ಗೆ ಆರಕ್ಕೆ ಎದ್ದು ಅದರ ಅಂಕಿಯನ್ನು ನೋಟುಪುಸ್ತಕದಲ್ಲಿ ಬರೆದಿಡುವುದು ಅವರ ಹವ್ಯಾಸ. ಆ ದಿನ ಅಮೆರಿಕದ ಬಾಸ್ಟನ್‌ನಲ್ಲಿರುವ ಮಗಳು ದೂರವಾಣಿಯಲ್ಲಿ ಮಾತನಾಡುತ್ತಿದ್ದಳು: “ಅಪ್ಪಾ, ಇನ್ನೂ ಒಂದು ಸಲ ಮಂಜು ಬೀಳುವ ಸಂಭವವಿದೆಯಂತೆ. ಇಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು.”

ಜಗಲಿಯ ಅಂಚಿನಲ್ಲಿ ಕುಳಿತು ಕವಳ ಮೆಲ್ಲುತ್ತಿದ್ದ ಗೌಡರ ಕಿವಿಗೂ ಇದು ಬಿದ್ದಿತು. ಅವರದು ನಲವತ್ತು ಮಾವಿನ ಮರಗಳ ಹಿತ್ತಲು.

“ಏನು ಮಾಸ್ತರ್ರೇ, ಅಲ್ಲಿಯೂ ಮಂಜು ಬೀಳ್ತದೆಯೇ? ಹಾಗಾದ್ರೆ ಅವರ ಮಾವಿನ ಹೂವೂ ಹೋಯ್ತು ಅನ್ನಿ!”

ಎಲ್ಲರೂ ನಕ್ಕರು. ಆದರೆ ಗೌಡರು ನಗಲಿಲ್ಲ. ಮರುದಿನ ಅವರ ಮನೆಗೆ ಗುತ್ತಿಗೆದಾರ ಬರುವವನಿದ್ದ. ಮರಗಳನ್ನು ಹೂವಿನಲ್ಲಿಯೇ ಮಾರಿಬಿಡುವುದೋ, ಮಿಡಿ ಕಟ್ಟುವವರೆಗೆ ತಡೆಯುವುದೋ ಎಂಬುದನ್ನು ಅವರು ಆ ರಾತ್ರಿಯೊಳಗೆ ನಿಶ್ಚಯಿಸಬೇಕಾಗಿದ್ದಿತು. ಮಗನ ಕಾಲೇಜಿನ ಶುಲ್ಕವೂ ಆ ಹೂವಿನಲ್ಲಿಯೇ ಇದ್ದಿತು.

ಹೂವನ್ನು ಸುಡುವ ಮಂಜು

ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ಹಿಮ ಬೀಳುವುದಿಲ್ಲವೆಂದು ಹೇಳಬೇಕಾದುದಿಲ್ಲ. ಹದಿನಾಲ್ಕನೆಯ ಅಕ್ಷಾಂಶದ ಆಸುಪಾಸಿನಲ್ಲಿ, ಸಮುದ್ರದ ತಡಿಯಲ್ಲಿ ಕುಳಿತ ಊರುಗಳಿವು. ಜನವರಿಯ ಬೆಳಗಿನಲ್ಲಿಯೂ ಇಲ್ಲಿಯ ಉಷ್ಣತೆ ಸಾಧಾರಣವಾಗಿ 20 ಡಿಗ್ರಿ ಸೆಲ್ಸಿಯಸ್‌ನ ಅಕ್ಕಪಕ್ಕದಲ್ಲಿರುತ್ತದೆ. ಸಮುದ್ರವು ಬೇಸಿಗೆಯ ಬಿಸಿಯನ್ನು ಬೇಗನೆ ಬಿಟ್ಟುಕೊಡುವುದಿಲ್ಲ. ದಡದ ಊರುಗಳನ್ನು ಕಂಬಳಿಯಂತೆ ಕಾಯುತ್ತದೆ. 1,900 ಮೀಟರಿಗಿಂತ ಎತ್ತರವಾದ ಮುಳ್ಳಯ್ಯನಗಿರಿಗೇ ಇಲ್ಲದ ಹಿಮದ ಭಾಗ್ಯ ಕುಮಟೆಗೆ ಎಲ್ಲಿಯದು?

ಹಾಗಾದರೆ ನಮ್ಮ ಮಂಜು ಯಾವುದು? ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ನೆಲವು ಬೇಗನೆ ತಣ್ಣಗಾಗುತ್ತದೆ. ಸಹ್ಯಾದ್ರಿಯ ಇಳಿಜಾರಿನ ತಂಪುಗಾಳಿ ಶರಾವತಿ, ಅಘನಾಶಿನಿಗಳ ಕಣಿವೆಗಳಲ್ಲಿ ಮೆಲ್ಲನೆ ಜಾರಿ ಬರುತ್ತದೆ. ನದಿಯ ಮೇಲಿನ ತೇವದ ಗಾಳಿ ಅದರ ಸಹವಾಸದಿಂದ ತಣಿದು ಹನಿಗಟ್ಟಿದರೆ ಮಂಜು. ಎಲೆಯ ಮೇಲೆ ನೇರವಾಗಿ ಹನಿಗಟ್ಟಿದರೆ ಇಬ್ಬನಿ. ಆಕಾಶದಲ್ಲಿ ಮೋಡವಿದ್ದರೆ ಅದೇ ನೆಲಕ್ಕೆ ಹೊದಿಕೆಯಾಗುವುದರಿಂದ ಇಬ್ಬನಿ ಬೀಳುವುದು ಕಡಿಮೆ.

“ಮಂಜು ಬಿದ್ದರೆ ಹೂ ಸುಟ್ಟುಹೋಗ್ತದೆ” ಎಂಬುದು ಗೌಡರ ವಾದ. ನೀರಿನ ಹನಿ ಹೂವನ್ನು ಸುಡುವುದೆಂತು ಎಂದು ಪೇಟೆಯವರು ಹುಬ್ಬೇರಿಸಬಹುದು. ಆದರೆ ಮಾತಿನ ತಿರುಳು ಸುಳ್ಳಲ್ಲ. ಹೂವಿನ ಗೊಂಚಲು ಬಹಳ ಹೊತ್ತು ತೋಯ್ದಿದ್ದರೆ ಶಿಲೀಂಧ್ರದ ರೋಗಗಳಿಗೆ ಸುಗ್ಗಿ. ಹೂವು ಕಪ್ಪಾಗಿ ಒಣಗುತ್ತದೆ, ಇಲ್ಲವೇ ಬೂದಿ ಬಳಿದಂತೆ ಬೆಳ್ಳಗಾಗಿ ಉದುರುತ್ತದೆ. ಜಿಗಿಹುಳು ರಸ ಹೀರಿ, ಅಂಟು ಸುರಿಸಿ, ಅದರ ಮೇಲೆ ಕಾಡಿಗೆಯಂತಹ ಕಪ್ಪು ಬೆಳೆಯುವಂತೆ ಮಾಡುತ್ತದೆ. ಕಣ್ಣಿಗೆ ಕಾಣುವುದು ಸುಟ್ಟ ಹೂವೇ. ವಿಚಿತ್ರವೆಂದರೆ, ಡಿಸೆಂಬರ್–ಜನವರಿಯ ತಂಪಾದ ಒಣ ರಾತ್ರಿಗಳಿಲ್ಲದೆ ಮಾವು ಚೆನ್ನಾಗಿ ಹೂ ಬಿಡುವುದೂ ಇಲ್ಲ. ಹೂ ತರಿಸುವುದು ಚಳಿ. ಹೋಗಬೇಕಾದ ಸಮಯಕ್ಕೆ ಹೋಗದಿದ್ದರೆ ಹೂ ಕೆಡಿಸುವುದೂ ಅದೇ. ಹೊತ್ತರಿತು ಎದ್ದುಹೋಗುವ ಅತಿಥಿಯಂತೆ ಅದು ನಡೆದುಕೊಳ್ಳಬೇಕು.

ಜಗಲಿಯ ಮೇಲಿದ್ದ ಮೂರನೆಯವರು ಗೋಕರ್ಣದ ಬಳಿಯ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರದ ಕೆಲಸಗಾರರು. ಅಘನಾಶಿನಿಯ ಅಳಿವೆಯ ಉಪ್ಪುನೀರನ್ನು ಮಡಿಗಳಿಗೆ ಹಾಯಿಸಿ, ಬಿಸಿಲಿನಲ್ಲಿ ಇಂಗಿಸಿ ಹರಳು ತೆಗೆಯುವುದು ಅಲ್ಲಿಯ ಕೆಲಸ. ಮಳೆಗಾಲ ಬರುವುದರೊಳಗೆ ವರ್ಷದ ಉಪ್ಪೆಲ್ಲ ಮೇಲೆ ಬರಬೇಕು. “ನಿಮಗೆ ಮಂಜಿನ ಚಿಂತೆ, ನಮಗೆ ಮೋಡದ ಚಿಂತೆ” ಎಂದರು ಅವರು. “ಮಂಜು ಒಂಬತ್ತು ಗಂಟೆಗೆ ಏಳ್ತದೆ. ಒಂದು ಮಳೆ ಬಂದರೆ ಎಷ್ಟೋ ದಿನದ ದುಡಿಮೆ ನೀರು.” ಅವರು ಹೆದರಿದ್ದು ಕಾರಣವಿಲ್ಲದೆ ಅಲ್ಲ. 2021ರ ಜನವರಿಯ ಮೊದಲಲ್ಲಿ ಕರಾವಳಿಗೆ ಅಕಾಲದ ಮಳೆ ಬಂದುದನ್ನು ಆಗರದವರೂ, ಗದ್ದೆಯಲ್ಲಿ ಕುಮಟೆಯ ಸಿಹಿ ಈರುಳ್ಳಿ ಬೆಳೆಯುವವರೂ ಮರೆತಿಲ್ಲ.

ಶಿವರಾತ್ರಿಯ ಲೆಕ್ಕ

ಚಳಿಯು ಎಂದು ಹೋಗುವುದು? ನಮ್ಮ ಹಿರಿಯರ ಉತ್ತರ ಸಿದ್ಧವಾಗಿದೆ: ಶಿವರಾತ್ರಿಗೆ ಚಳಿ ‘ಶಿವಶಿವಾ’ ಎಂದು ಹೊರಟುಹೋಗುತ್ತದೆ. ಗೋಕರ್ಣ, ಧಾರೇಶ್ವರ, ಗುಣವಂತೆ, ಮುರುಡೇಶ್ವರ ಎಂದು ದಾರಿಯುದ್ದಕ್ಕೂ ಶಿವನೇ ನೆಲೆಸಿರುವ ಈ ಸೀಮೆಯಲ್ಲಿ ಆ ಮಾತಿಗೆ ಎದುರಾಡುವವರು ಯಾರು?

ಎದುರಾಡಿದವರು ಮಾಸ್ತರರು. ಶಿವರಾತ್ರಿಯು ಚಾಂದ್ರಮಾನದ ಹಬ್ಬ; ಸೂರ್ಯನಿಗೆ ಅದರ ಗೊಡವೆ ಇಲ್ಲ. 2023ರಲ್ಲಿ ಅದು ಫೆಬ್ರವರಿ 18ಕ್ಕೆ ಬಂದಿತು. ನಡುವೆ ಅಧಿಕಮಾಸವೊಂದು ಸೇರಿಕೊಂಡುದರಿಂದ 2024ರಲ್ಲಿ ಮಾರ್ಚ್ 8ಕ್ಕೆ ಸರಿಯಿತು. 2025ರಲ್ಲಿ ಮತ್ತೆ ಫೆಬ್ರವರಿ 26. “ಹತ್ತೊಂಬತ್ತು ದಿನ ಹಿಂದುಮುಂದಾಗುವ ಹಬ್ಬವನ್ನು ನಂಬಿ ಚಳಿ ಹೇಗೆ ಗಂಟು ಕಟ್ಟೀತು?” ಎಂಬುದು ಅವರ ಪ್ರಶ್ನೆ.

ಇಂತಹ ನಂಬಿಕೆ ನಮ್ಮಲ್ಲಿ ಮಾತ್ರವೆಂದು ತಿಳಿಯಬೇಡಿ. ಅಮೆರಿಕದ ಪೆನ್ಸಿಲ್ವೇನಿಯಾ ಸಂಸ್ಥಾನದ ಪಂಕ್ಸುಟಾನಿ ಎಂಬ ಊರಿನಲ್ಲಿ 1887ರಿಂದ ಒಂದು ಪದ್ಧತಿ ಇದೆ. ಫೆಬ್ರವರಿ 2ರಂದು, ಅಳಿಲಿನ ಬಳಗಕ್ಕೆ ಸೇರಿದ, ಬಿಲದಲ್ಲಿ ವಾಸಿಸುವ ಗ್ರೌಂಡ್‌ಹಾಗ್ ಎಂಬ ಪ್ರಾಣಿಯನ್ನು ಜನರೆಲ್ಲ ಸೇರಿ ಹೊರಗೆ ತರುತ್ತಾರೆ. ಅದಕ್ಕೆ ತನ್ನ ನೆರಳು ಕಂಡರೆ ಇನ್ನು ಆರು ವಾರ ಚಳಿ. ಕಾಣದಿದ್ದರೆ ವಸಂತ ಹತ್ತಿರ ಬಂದಂತೆ. ಮಗಳಿಂದ ಇದನ್ನು ಕೇಳಿದ ಗೌಡರು, “ನಮ್ಮ ಹಿತ್ತಲ ಹೆಗ್ಗಣವನ್ನೂ ಕೇಳಿ ನೋಡುವಾ” ಎಂದರು.

ಪಂಚಾಂಗದಲ್ಲಿಲ್ಲದ ವಸಂತ

1875ರಲ್ಲಿ ಸ್ಥಾಪನೆಯಾದ ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ ವಸಂತವೆಂಬ ಋತುವೇ ಇಲ್ಲ. ಜನವರಿ, ಫೆಬ್ರವರಿ ಚಳಿಗಾಲ. ಮಾರ್ಚ್‌ನಿಂದ ಮೇವರೆಗೆ ಮುಂಗಾರಿಗೆ ಮುನ್ನಿನ ಬೇಸಿಗೆ. ನಮ್ಮ ಪಂಚಾಂಗದ ವಸಂತವು ಯುಗಾದಿಯೊಂದಿಗೆ, ಚೈತ್ರದಲ್ಲಿ ಹುಟ್ಟುತ್ತದೆ. ಅಷ್ಟು ಹೊತ್ತಿಗೆ ಕರಾವಳಿಯವರು ಬೆವರೊರೆಸಿಕೊಳ್ಳುತ್ತಿರುತ್ತಾರೆ.

ವಾಸ್ತವವಾಗಿ ಇಲ್ಲಿ ಬೇಸಿಗೆ ಕಾಲಿಡುವುದು ಚಳಿಗಾಲದಲ್ಲಿಯೇ. ಫೆಬ್ರವರಿಯ ಕೆಲವು ದಿನಗಳಲ್ಲಿ ಪೂರ್ವದ ಒಣಗಾಳಿ ಬಿರುಸಾಗಿ ಬೀಸುತ್ತದೆ. ಸುಮಾರು 600 ಮೀಟರ್ ಎತ್ತರದ ಶಿರಸಿಯ ಕಡೆಯಿಂದ ಘಟ್ಟವಿಳಿಯುವ ಈ ಗಾಳಿಯು, ಕೆಳಗಿಳಿದಂತೆ ಒತ್ತಡಕ್ಕೆ ಸಿಕ್ಕಿ ಪ್ರತಿ ನೂರು ಮೀಟರಿಗೆ ಸುಮಾರು ಒಂದು ಡಿಗ್ರಿಯಂತೆ ಬಿಸಿಯೇರುತ್ತದೆ. ಮಧ್ಯಾಹ್ನ ದಡಕ್ಕೆ ತಂಪು ತರಬೇಕಾದ ಕಡಲಗಾಳಿಯನ್ನು ಅದು ತಡೆದು ನಿಲ್ಲಿಸುತ್ತದೆ. ಆಗ ಬೆಳಿಗ್ಗೆ ಶಾಲು ಹೊದ್ದವರೇ ಮಧ್ಯಾಹ್ನ 36–37 ಡಿಗ್ರಿಯ ಬಿಸಿಲನ್ನು ಕಾಣುತ್ತಾರೆ. ಕರಾವಳಿಯಲ್ಲಿ ಉಷ್ಣತೆಯು 37 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿಯಷ್ಟು ಹೆಚ್ಚಿದ್ದರೆ ಇಲಾಖೆಯು ಅದನ್ನು ಬಿಸಿಗಾಳಿಯೆಂದು ಪರಿಗಣಿಸುತ್ತದೆ. 1901ರಿಂದೀಚಿನ ದಾಖಲೆಗಳಲ್ಲಿ ದೇಶದ ಹಗಲಿನ ಸರಾಸರಿ ಬಿಸಿ ಅತಿ ಹೆಚ್ಚಾಗಿ ಕಂಡ ಫೆಬ್ರವರಿ 2023ರದು ಎಂಬುದನ್ನು ನೆನೆದರೆ, ಚಳಿಯೇ ಈಗ ಶಿವರಾತ್ರಿಗೆ ಕಾಯುವಷ್ಟು ವ್ಯವಧಾನ ಉಳಿಸಿಕೊಂಡಿಲ್ಲವೇನೋ ಎನಿಸುತ್ತದೆ.

ಜನರ ವಸಂತ ಮಾತ್ರ ಬೇರೆ. ಹಾಲಕ್ಕಿ ಒಕ್ಕಲಿಗರ ಕೇರಿಗಳಲ್ಲಿ ಹೋಳಿಯ ಸುತ್ತಿನ ದಿನಗಳಲ್ಲಿ, ಬೆಂಡಿನ ಹೂಗಳ ತುರಾಯಿ ತೊಟ್ಟು, ಗುಮಟೆಯ ಬಡಿತಕ್ಕೆ ಸುಗ್ಗಿಯವರು ಕುಣಿದರೆ ಋತು ಬದಲಾದಂತೆ. ಹೆದ್ದಾರಿಯ ಬದಿಯಲ್ಲಿ ದಂಟು ಹೆಣೆದ ಈರುಳ್ಳಿಯ ಗೊಂಚಲು ತೂಗಿದರೆ ಬೇಸಿಗೆ ಬಂದಂತೆ.

ಒಳಮನೆಯ ತೀರ್ಪು

ವಾದವು ಇಷ್ಟು ದೂರ ಬಂದಾಗ ಮಾಸ್ತರರ ಮನೆಯವರು ಲೋಟಗಳೊಂದಿಗೆ ಹೊರಬಂದರು. “ಬೆಳಿಗ್ಗೆ ಕಷಾಯ ಕೇಳಿದವರು ನೀವೇ, ಈಗ ಮಜ್ಜಿಗೆ ಕೇಳಿದವರೂ ನೀವೇ. ಇನ್ನು ವಸಂತವನ್ನು ಹುಡುಕಿಕೊಂಡು ಎಲ್ಲಿಗೆ ಹೋಗುತ್ತೀರಿ? ಅಪ್ಪೆಮಿಡಿ ಬಂದ ದಿನ ನನಗೆ ಹೇಳಿ, ಭರಣಿ ತೊಳೆದಿಟ್ಟಿದ್ದೇನೆ” ಎಂದರು. ಇಂತಹ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ.

ಆದರೆ ಗೌಡರ ಪ್ರಶ್ನೆ ಉಳಿದೇ ಇದ್ದಿತು. ಅವರ ಮಗ ತನ್ನ ಮೊಬೈಲಿನಲ್ಲಿ ‘ಮೇಘದೂತ’ವನ್ನು ತೆರೆದು ತೋರಿಸಿದ. ಕಾಳಿದಾಸನ ಕಾವ್ಯವಲ್ಲ, ರೈತರಿಗಾಗಿ ಕೇಂದ್ರ ಸರ್ಕಾರವು 2019ರಲ್ಲಿ ಹೊರತಂದ ಹವಾಮಾನದ ಸಲಹೆಯ ಸೌಕರ್ಯ. ಮುಂದಿನ ಐದು ದಿನ ಮಳೆಯಿಲ್ಲ ಎಂದು ಅದು ಹೇಳಿತು. ಸಂತೋಷವೇ. ಆದರೆ ಹೂವು ಹಣ್ಣಾಗಲು ಐದು ದಿನ ಸಾಲದು, ಮೂರು ನಾಲ್ಕು ತಿಂಗಳು ಬೇಕು. ಸಾವಿರ ಹೂವಿಗೆ ಒಂದೆರಡು ಹಣ್ಣಾದರೂ ಅದು ಒಳ್ಳೆಯ ಫಸಲು. ಆ ಐದು ದಿನಕ್ಕೂ ಈ ನಾಲ್ಕು ತಿಂಗಳಿಗೂ ನಡುವಿನ ಬಯಲನ್ನು ಗೌಡರು ಒಬ್ಬರೇ ದಾಟಬೇಕಾಗಿದ್ದಿತು. ಅಲ್ಲಿ ವಿಜ್ಞಾನ ಜೊತೆಗೆ ಬರುವುದು ಸ್ವಲ್ಪ ದೂರ ಮಾತ್ರ.

ಅವರು ಬಹಳ ಹೊತ್ತು ಅಂಗಳದಾಚೆಯ ಮರಗಳನ್ನು ನೋಡುತ್ತಿದ್ದು, ಕೊನೆಗೆ ಎದ್ದು ನಿಂತರು. “ಅರ್ಧ ಮರ ಕೊಟ್ಟುಬಿಡ್ತೇನೆ. ಅರ್ಧ ಇಟ್ಟುಕೊಳ್ತೇನೆ. ಕೊಟ್ಟದ್ದು ಮಗನ ಕಾಲೇಜಿಗೆ. ಇಟ್ಟದ್ದು ಮಹಾಬಲೇಶ್ವರನ ಪಾಲಿಗೆ.”

ಏಪ್ರಿಲ್ ಕೊನೆಗೆ ನಾನು ಮತ್ತೆ ಆ ಜಗಲಿಗೆ ಹೋದಾಗ ಅಪ್ಪೆಮಿಡಿಯು ಭರಣಿ ಸೇರಿ ಬಾಯಿಗೆ ಬಟ್ಟೆ ಕಟ್ಟಿಸಿಕೊಂಡಾಗಿತ್ತು. ಬಾಸ್ಟನ್‌ನಲ್ಲಿಯೂ ಗಿಡಗಳು ಚಿಗುರಿದವೆಂದು ಮಗಳ ವರ್ತಮಾನ ಬಂದಿದ್ದಿತು. ಗೌಡರ ಹಿತ್ತಲಿನಲ್ಲಿ ಎರಡೂ ಪಾಲಿನ ಮರಗಳು ತೂಗುತ್ತಿದ್ದವು. ಗುತ್ತಿಗೆದಾರನಿಗೆ ಒಳ್ಳೆಯ ಲಾಭವಾಗಿತ್ತು.

“ಎಲ್ಲವನ್ನೂ ಇಟ್ಟುಕೊಂಡಿದ್ದರೆ ಆ ಲಾಭವೂ ನಿಮ್ಮದೇ ಆಗುತ್ತಿತ್ತಲ್ಲ, ಗೌಡ್ರೇ?” ಎಂದು ಮಾಸ್ತರರು ಕೆಣಕಿದರು.

“ಆಗ್ತಿತ್ತು ಮಾಸ್ತರ್ರೇ” ಎಂದರು ಗೌಡರು. “ಆದ್ರೆ ಅಷ್ಟೂ ರಾತ್ರಿ ಎದ್ದು ಕೂತು ಮಂಜು ಬಿತ್ತೋ ಇಲ್ಲವೋ ಎಂದು ನೋಡುವವರು ಯಾರು?”