ಹಳೆಯ ಜೀಪಿಗೆ ದೊಡ್ಡ ಟೈರು: ಲಾಭವೆಷ್ಟು, ತೊಡಕೇನು?

ಕೊಡಗು, ಚಿಕ್ಕಮಗಳೂರು, ಸಕಲೇಶಪುರ ಭಾಗದ ತೋಟಗಳಲ್ಲಿ ನಾಲ್ಕು ಚಕ್ರಗಳಿಗೂ ಎಳೆತವಿರುವ ಹಳೆಯ ಜೀಪುಗಳು ಇಂದಿಗೂ ಕೆಲಸ ಮಾಡುತ್ತಿವೆ. ಗೊಬ್ಬರದ ಚೀಲ, ಕಾಫಿ ಮೂಟೆ, ಔಷಧಿ ಸಿಂಪಡಿಸುವ ಪಂಪು, ಕೆಲಸದ ಆಳುಗಳು ಎಲ್ಲವನ್ನೂ ಇವೇ ಹೊರುತ್ತವೆ. ಮಳೆಗಾಲದಲ್ಲಿ ತೋಟದ ರಸ್ತೆಯ ಎರಡು ಜಾಡುಗಳು ಆಳವಾಗಿ, ನಡುವಿನ ದಿಬ್ಬ ಜೀಪಿನ ಹೊಟ್ಟೆಗೆ ತಗಲುತ್ತದೆ. ಆಗ ದೊಡ್ಡ ಟೈರು ಹಾಕಿಸುವ ಯೋಚನೆ ಮಾಲೀಕರಿಗೆ ಬರುವುದು ಸಹಜ. ಯೋಚನೆ ತಪ್ಪಲ್ಲ. ಆದರೆ ಟೈರು ಬದಲಾದರೆ ಗೇರು, ಬ್ರೇಕು, ಸ್ಟಿಯರಿಂಗು ಮೂರರ ಲೆಕ್ಕವೂ ಬದಲಾಗುತ್ತದೆ ಎಂಬುದನ್ನು ಮೊದಲೇ ತಿಳಿದಿರಬೇಕು.

ಅಳತೆಯ ಲೆಕ್ಕ

ವಿಲ್ಲಿಸ್ ಮಾದರಿಯ ಜೀಪುಗಳಿಗೆ ಮೂಲತಃ ಬಂದದ್ದು 6.00-16 ಅಳತೆಯ ಟೈರು. ಇದರಲ್ಲಿ ಮೊದಲ ಅಂಕಿ ಟೈರಿನ ಅಗಲವನ್ನೂ ಎರಡನೆಯದು ರಿಮ್ಮಿನ ವ್ಯಾಸವನ್ನೂ ಅಂಗುಲಗಳಲ್ಲಿ ತಿಳಿಸುತ್ತದೆ. ಈ ಟೈರಿನ ಒಟ್ಟು ಎತ್ತರ ಸುಮಾರು 730 ಮಿಲಿಮೀಟರು. 7.00-16 ಟೈರು ಸುಮಾರು 780 ಮಿಲಿಮೀಟರು, 7.50-16 ಸುಮಾರು 805 ಮಿಲಿಮೀಟರು ಎತ್ತರವಿರುತ್ತದೆ. ತಯಾರಕರಿಂದ ತಯಾರಕರಿಗೆ ಸ್ವಲ್ಪ ವ್ಯತ್ಯಾಸವಿರುವುದರಿಂದ ಕೊಳ್ಳುವ ಮೊದಲು ಟೇಪು ಹಿಡಿದು ಅಳೆಯುವುದು ಒಳ್ಳೆಯದು.

ನೆಲದಿಂದ ಸಿಗುವ ಹೆಚ್ಚುವರಿ ತೆರಪು ಈ ವ್ಯತ್ಯಾಸದ ಅರ್ಧ ಮಾತ್ರ. 7.00-16 ಹಾಕಿದರೆ ಸುಮಾರು ಒಂದು ಅಂಗುಲ, 7.50-16 ಹಾಕಿದರೆ ಒಂದೂವರೆ ಅಂಗುಲ. ಇಷ್ಟಕ್ಕಾಗಿ ಇಷ್ಟೆಲ್ಲ ಖರ್ಚೇ ಎಂದು ಕೇಳಬಹುದು. ಜೀಪಿನಲ್ಲಿ ನೆಲಕ್ಕೆ ಎಲ್ಲಕ್ಕಿಂತ ಹತ್ತಿರವಿರುವುದು ಆಕ್ಸಲಿನ ನಡುವೆ ಇರುವ ಡಿಫರೆನ್ಷಿಯಲ್ ಗುಂಡು. ಸ್ಪ್ರಿಂಗ್ ಪಟ್ಟಿಗಳನ್ನು ಹೆಚ್ಚಿಸಿದರೆ ಬಾಡಿ ಮೇಲೇಳುತ್ತದೆಯೇ ಹೊರತು ಆ ಗುಂಡು ಇದ್ದಲ್ಲೇ ಇರುತ್ತದೆ. ಅದನ್ನು ಎತ್ತಬಲ್ಲದ್ದು ಟೈರೊಂದೇ. ಕಲ್ಲು ಬಡಿಯುವ ರಸ್ತೆಯಲ್ಲಿ ಆ ಒಂದು ಅಂಗುಲಕ್ಕೆ ನಿಜವಾಗಿ ಬೆಲೆಯಿದೆ.

ಎಳೆತ ಮತ್ತು ವೇಗ

ದೊಡ್ಡ ಟೈರು ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ. 6.00-16 ಟೈರು ಸುತ್ತಿಗೆ ಸುಮಾರು 2.29 ಮೀಟರು ಉರುಳಿದರೆ 7.00-16 ಟೈರು 2.45 ಮೀಟರು ಉರುಳುತ್ತದೆ. ಅಂದರೆ ನೂರಕ್ಕೆ ಏಳರಷ್ಟು ಹೆಚ್ಚು. ಸಿಜೆ-3ಬಿ ಜೀಪಿನ ಆಕ್ಸಲ್ ಅನುಪಾತ 5.38. ಅದೇ ಹಲ್ಲುಗಳಿದ್ದರೂ ಈ ಟೈರಿನೊಂದಿಗೆ ಅದು ಸುಮಾರು 5.03ರ ಅನುಪಾತದಂತೆ ವರ್ತಿಸುತ್ತದೆ. ಏರಿನಲ್ಲಿ ಎಂಜಿನ್ನು ಬೇಗ ಬಳಲುತ್ತದೆ, ಹಿಂದೆ ಎರಡನೇ ಗೇರಿನಲ್ಲಿ ಹತ್ತುತ್ತಿದ್ದ ಕಡೆ ಒಂದನೇ ಗೇರು ಹಾಕಬೇಕಾಗುತ್ತದೆ, ಕ್ಲಚ್ ತಟ್ಟೆ ಬೇಗ ಸವೆಯುತ್ತದೆ.

ತೆವಳುವ ವೇಗವನ್ನು ನೋಡಿ. ಈ ಜೀಪಿನಲ್ಲಿ ಒಂದನೇ ಗೇರು 2.80, ಟ್ರಾನ್ಸ್‌ಫರ್ ಪೆಟ್ಟಿಗೆಯ ಲೋ ಗೇರು 2.46. ಮೂರನ್ನೂ ಗುಣಿಸಿದರೆ ಒಟ್ಟು 37. ಎಂಜಿನ್ನು ನಿಮಿಷಕ್ಕೆ 1000 ಸುತ್ತು ತಿರುಗುವಾಗ ಹಳೆಯ ಟೈರಿನಲ್ಲಿ ಜೀಪು ಗಂಟೆಗೆ 3.7 ಕಿಲೋಮೀಟರು ಹೋಗುತ್ತದೆ, 7.00-16 ಟೈರಿನಲ್ಲಿ ಸುಮಾರು 4 ಕಿಲೋಮೀಟರು. ಏರುವಾಗ ಈ ವ್ಯತ್ಯಾಸ ಅಷ್ಟು ಕಾಣದು. ಕಡಿದಾದ ಇಳಿಜಾರಿನಲ್ಲಿ ಎಂಜಿನ್ನು ಗಾಡಿಯನ್ನು ಹಿಡಿಯುವ ಬಲ ಕಡಿಮೆಯಾಗುವುದು ಚಾಲಕನ ಕಾಲಿಗೆ ಕೂಡಲೇ ತಿಳಿಯುತ್ತದೆ.

ವೇಗ ತೋರಿಸುವ ಮುಳ್ಳು 60 ತೋರಿಸುವಾಗ ನಿಜವಾದ ವೇಗ 64 ಇರುತ್ತದೆ. ಓಡಿದ ದೂರವೂ ಹೀಗೆಯೇ ಕಡಿಮೆ ದಾಖಲಾಗುತ್ತದೆ. ಆಯಿಲು ಬದಲಿಸುವ ಲೆಕ್ಕ, ಡೀಸೆಲಿನ ಲೆಕ್ಕ ಹಾಕುವಾಗ ಇದನ್ನು ಸೇರಿಸಿಕೊಳ್ಳಬೇಕು. ಟೈರು ಬದಲಿಸಿದ ಮೇಲೆ ಮೈಲೇಜು ಇಳಿಯಿತೆಂಬ ದೂರಿನಲ್ಲಿ ಒಂದು ಪಾಲು ಈ ಮುಳ್ಳಿನದೇ.

ಬ್ರೇಕಿನ ವಿಚಾರ

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ವಿಲ್ಲಿಸ್ ಜೀಪಿನ ಬ್ರೇಕ್ ಡ್ರಮ್ಮು 9 ಅಂಗುಲದ್ದು, ಅದೂ ಸಣ್ಣ ಟೈರಿಗೆಂದು ಮಾಡಿದ್ದು. ಟೈರಿನ ತ್ರಿಜ್ಯ ಹೆಚ್ಚಿದಂತೆ ಅದೇ ಪೆಡಲ್ ಒತ್ತಡಕ್ಕೆ ನೆಲದ ಮೇಲೆ ಬೀಳುವ ತಡೆ ಕಡಿಮೆಯಾಗುತ್ತದೆ. 7.00-16ರಲ್ಲಿ ನೂರಕ್ಕೆ ಆರು ಪಾಲಿನಷ್ಟು ಕಡಿಮೆ, ಜೊತೆಗೆ ತಿರುಗುವ ಚಕ್ರದ ತೂಕವೂ ಹೆಚ್ಚು. ಖಾಲಿ ಜೀಪಿನಲ್ಲಿ ಇದು ಗೊತ್ತಾಗದೆ ಹೋಗಬಹುದು. ಹಿಂದೆ ಎಂಟು ಹತ್ತು ಆಳುಗಳು ನಿಂತಿದ್ದು, ರಸ್ತೆ ಒದ್ದೆಯಾಗಿ, ತಿರುವಿನಾಚೆ ಇಳಿಜಾರು ಇದ್ದರೆ ಅದೇ ಆರು ಪಾಲು ಜೀವದ ಪ್ರಶ್ನೆಯಾಗುತ್ತದೆ. ಆದ್ದರಿಂದ ಟೈರಿಗೆ ಹಣ ಕೊಡುವ ಮುನ್ನ ಲೈನಿಂಗು, ವೀಲ್ ಸಿಲಿಂಡರು, ಬ್ರೇಕ್ ಹೋಸುಗಳನ್ನು ಹೊಸದು ಮಾಡಿಸಬೇಕು. ಡ್ರಮ್ಮು ಸವೆದು ತೆಳುವಾಗಿದ್ದರೆ ದೊಡ್ಡ ಟೈರಿನ ಆಲೋಚನೆಯನ್ನೇ ಬಿಡುವುದು ಲೇಸು. ಎತ್ತರ ಹೆಚ್ಚಿದಷ್ಟೂ ಅಡ್ಡ ಇಳಿಜಾರಿನಲ್ಲಿ ಗಾಡಿ ಮಗುಚುವ ಭಯವೂ ಹೆಚ್ಚುತ್ತದೆ.

ಹಿಂದೆ ಮಾತ್ರ ದೊಡ್ಡದು ಹಾಕಬಹುದೇ?

ಖಂಡಿತ ಕೂಡದು. ಟ್ರಾಕ್ಟರಿನಲ್ಲಿ ಮುಂದಿನ ಚಕ್ರ ಚಿಕ್ಕದು, ಹಿಂದಿನದು ದೊಡ್ಡದು ಇರುವುದನ್ನು ಕಂಡು ಕೆಲವರು ಹಣ ಉಳಿಸಲು ಹಿಂದಿನ ಎರಡನ್ನು ಮಾತ್ರ ಬದಲಿಸುತ್ತಾರೆ. ನಾಲ್ಕು ಚಕ್ರ ಎಳೆತದ ಟ್ರಾಕ್ಟರಿನಲ್ಲಿ ಆ ವ್ಯತ್ಯಾಸಕ್ಕೆ ತಕ್ಕಂತೆ ಮುಂದಿನ ಹಲ್ಲುಗಳನ್ನೇ ಬೇರೆ ಮಾಡಿರುತ್ತಾರೆ. ಜೀಪಿನಲ್ಲಿ ಹಾಗಿಲ್ಲ. ಮುಂದಿನ ಗೇರು ಹಾಕಿದಾಗ ಎರಡು ಆಕ್ಸಲುಗಳೂ ಸರಿಸಮವಾಗಿ ತಿರುಗಲೇಬೇಕು. ಮುಂದೆ 6.00-16, ಹಿಂದೆ 7.00-16 ಇದ್ದರೆ ಒಂದು ಕಿಲೋಮೀಟರಿಗೆ ಮುಂದಿನ ಚಕ್ರ 436 ಸುತ್ತು, ಹಿಂದಿನದು 408 ಸುತ್ತು ತಿರುಗಬೇಕಾಗುತ್ತದೆ. ಈ 28 ಸುತ್ತು ಶಾಫ್ಟಿನಲ್ಲಿ 150 ಸುತ್ತಾಗುತ್ತದೆ. ಕೆಸರಿನಲ್ಲಾದರೆ ಚಕ್ರ ಜಾರಿ ಅಷ್ಟಿಷ್ಟು ಸರಿಹೋದೀತು. ಗಟ್ಟಿ ನೆಲದಲ್ಲಿ ಶಾಫ್ಟು ಹುರಿಗೊಂಡು ಗೇರು ಕೋಲು ಬಿಗಿದುಕೊಳ್ಳುತ್ತದೆ, ಕ್ರಾಸುಗಳು ಕಿತ್ತುಹೋಗುತ್ತವೆ, ಕೊನೆಗೆ ಟ್ರಾನ್ಸ್‌ಫರ್ ಪೆಟ್ಟಿಗೆಯ ಹಲ್ಲು ಮುರಿಯುತ್ತದೆ. ಎರಡು ಟೈರಿನಲ್ಲಿ ಉಳಿದ ಹಣ ಆ ಪೆಟ್ಟಿಗೆಯ ಬೇರಿಂಗುಗಳಿಗೂ ಸಾಲದು.

ಸ್ಟೆಪ್ನಿಯೂ ಅದೇ ಅಳತೆಯದಿರಬೇಕು. ಹಾಗಾಗಿ ಖರ್ಚು ನಾಲ್ಕು ಟೈರಿನದಲ್ಲ, ಐದರದು.

ರಿಮ್ಮು, ಟ್ಯೂಬು, ತೆರಪು

ಹಳೆಯ ಜೀಪಿನ ರಿಮ್ಮು ನಾಲ್ಕೂವರೆ ಅಂಗುಲ ಅಗಲವಿರುತ್ತದೆ. 7.00-16 ಟೈರಿಗೆ ಐದೂವರೆ ಅಂಗುಲದ ರಿಮ್ಮು ಸೂಕ್ತ. ಕಿರಿದಾದ ರಿಮ್ಮಿನಲ್ಲಿ ಟೈರಿನ ನಡುಭಾಗ ಉಬ್ಬಿ ಅಲ್ಲೇ ಸವೆಯುತ್ತದೆ, ತಿರುವಿನಲ್ಲಿ ಗಾಡಿ ತೂಗಾಡುತ್ತದೆ. ಹಳೆಯ 6.00 ಟ್ಯೂಬನ್ನೇ ದೊಡ್ಡ ಟೈರಿನೊಳಗೆ ಸೇರಿಸಬಾರದು. ಹಿಗ್ಗಿದ ಟ್ಯೂಬು ತೆಳುವಾಗಿ ಬೇಗ ಒಡೆಯುತ್ತದೆ. ಟೈರಿನ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ತಿಳಿಸುತ್ತವೆ. 2319 ಎಂದಿದ್ದರೆ 2019ರ 23ನೇ ವಾರ. ಈ ಅಳತೆಗಳು ಬೇಗ ಮಾರಾಟವಾಗದ ಅಂಗಡಿಗಳಲ್ಲಿ ಇದನ್ನು ನೋಡದೆ ಕೊಳ್ಳಬಾರದು.

ಒಂದು ಚಕ್ರವನ್ನು ಮೊದಲು ಹಾಕಿ ಪರೀಕ್ಷಿಸಬಹುದು. ಮುಂದಿನ ಚಕ್ರವನ್ನು ಒಂದು ಮೊಣಕೈ ಎತ್ತರದ ದಿಣ್ಣೆಗೆ ನಿಧಾನವಾಗಿ ಹತ್ತಿಸಿ, ಸ್ಪ್ರಿಂಗು ಕುಗ್ಗಿದಾಗ ಸ್ಟಿಯರಿಂಗನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಬೇಕು. ಟೈರಿಗೂ ಸ್ಪ್ರಿಂಗ್ ಪಟ್ಟಿ, ಮಡ್‌ಗಾರ್ಡು, ಬ್ರೇಕ್ ಹೋಸುಗಳಿಗೂ ನಡುವೆ ಕನಿಷ್ಠ ಎರಡು ಬೆರಳು ತೆರಪಿರಬೇಕು. ಮಳೆಗಾಲದಲ್ಲಿ ಚಕ್ರಕ್ಕೆ ಚೈನು ಸುತ್ತುವವರು ಚೈನಿನ ದಪ್ಪವನ್ನೂ ಸೇರಿಸಿ ನೋಡಬೇಕು. ತಗಲುವುದಾದರೆ ಸ್ಟಿಯರಿಂಗಿನ ತಡೆ ಬೋಲ್ಟನ್ನು ಹೊರಗೆ ಬಿಡಬೇಕಾಗುತ್ತದೆ. ಆಗ ತೋಟದ ಕಿರು ತಿರುವುಗಳಲ್ಲಿ ಜೀಪು ಒಮ್ಮೆಗೆ ತಿರುಗದು.

ಕಾನೂನನ್ನೂ ಮರೆಯುವಂತಿಲ್ಲ. ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಂ ನಿರ್ಬಂಧಿಸುತ್ತದೆ. ಸುಪ್ರೀಂ ಕೋರ್ಟು 2019ರಲ್ಲಿ ಇದನ್ನೇ ಎತ್ತಿಹಿಡಿಯಿತು. ಸಾರ್ವಜನಿಕ ರಸ್ತೆಗೆ ಇಳಿಯುವ ಜೀಪಾದರೆ ತಯಾರಕರ ಕೈಪಿಡಿಯಲ್ಲಿ ಒಪ್ಪಿತವಾದ ಅಳತೆಗಳನ್ನು ನೋಡಿ, ಸಾರಿಗೆ ಕಚೇರಿಯಲ್ಲಿ ಮತ್ತು ವಿಮೆಯವರಲ್ಲಿ ವಿಚಾರಿಸಿಯೇ ಮುಂದುವರಿಯಬೇಕು.

ಯಾವುದು ಸೂಕ್ತ?

ಬಹುಪಾಲು ತೋಟಗಳಿಗೆ 6.00-16 ಅಥವಾ ಹೆಚ್ಚೆಂದರೆ 6.50-16 ಅಳತೆಯಲ್ಲಿ ಆಳವಾದ ಕಚ್ಚುಗಳಿರುವ ಟೈರು ಸಾಕು. ಕೆಸರಿನಲ್ಲಿ ಜೀಪು ನಿಲ್ಲುವುದಕ್ಕೆ ಟೈರು ಚಿಕ್ಕದೆಂಬುದಕ್ಕಿಂತ ಅದು ಸವೆದು ನುಣುಪಾಗಿರುವುದೇ ಹೆಚ್ಚಾಗಿ ಕಾರಣ. ನಡುದಿಬ್ಬವನ್ನು ಎರಡು ಆಳು ಅರ್ಧ ದಿನ ಕೆತ್ತಿದರೆ ಸಿಗುವ ತೆರಪು ಐದು ಟೈರಿನಿಂದ ಸಿಗುವುದಕ್ಕಿಂತ ಹೆಚ್ಚು. ಕಲ್ಲುಬಂಡೆಯ ದಾರಿ, ಹಳ್ಳ ದಾಟುವ ದಾರಿ ಇದ್ದವರಿಗೆ ಮಾತ್ರ 7.00-16 ಉಪಯುಕ್ತ. 7.50-16 ಹಾಕಲೇಬೇಕೆಂದರೆ ಕ್ರೌನ್ ಪಿನಿಯನ್ನುಗಳನ್ನೂ ಬದಲಿಸುವ ಮಾತು ಬರುತ್ತದೆ, ಅದೂ ಮುಂದೆ ಹಿಂದೆ ಎರಡರಲ್ಲೂ ಒಂದೇ ಅನುಪಾತದ್ದು.

ಟೈರು ಹಾಕಿಸಿದ ನಂತರ ಮೊದಲ 50 ಕಿಲೋಮೀಟರು ಓಡಿಸಿ ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಬೇಕು. ಹಳೆಯ ವಿಲ್ಲಿಸ್ ಜೀಪುಗಳಲ್ಲಿ ಎಡಬದಿಯ ಚಕ್ರದ ನಟ್ಟುಗಳಿಗೆ ಎಡ ತಿರುಪು ಇರುತ್ತದೆ. ಇದನ್ನರಿಯದ ಹೊಸ ಹುಡುಗ ಬಿಚ್ಚುತ್ತೇನೆಂದು ಬಿಗಿಯುತ್ತಾ ಹೋಗಿ ಬೋಲ್ಟನ್ನೇ ಮುರಿಯುವುದುಂಟು.