ಪುಸ್ತಕದಂಗಡಿಯ ಕೌಂಟರಿನ ಹಿಂದೆ

‘ಡೇರ್‌ಡೆವಿಲ್ ಮುಸ್ತಾಫಾ ಪುಸ್ತಕ ಇದ್ಯಾ?’

2023ರಲ್ಲಿ ಆ ಹೆಸರಿನ ಸಿನಿಮಾ ತೆರೆಗೆ ಬಂದ ಮೇಲೆ ಹೀಗೆ ಕೇಳಿಕೊಂಡು ಪುಸ್ತಕದಂಗಡಿ ಹತ್ತಿದ ಕಾಲೇಜು ಹುಡುಗರು ಇದ್ದರು. ‘ಇಲ್ಲ’ ಎಂದುಬಿಟ್ಟರೆ ಹುಡುಗ ಹಾಗೇ ವಾಪಸು ಹೋಗುತ್ತಾನೆ. ಬಲ್ಲ ಮಾರಾಟಗಾರ ಹಾಗೆ ಹೇಳುವುದಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ಆ ಕತೆ ಇರುವುದು ‘ಅಬಚೂರಿನ ಪೋಸ್ಟಾಫೀಸು’ ಸಂಕಲನದಲ್ಲಿ ಎಂಬುದು ಅವನಿಗೆ ಗೊತ್ತು. ಅದೇ ಸಂಕಲನದ ‘ತಬರನ ಕತೆ’ಯನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದ್ದು ಗೊತ್ತು. ‘ಕುಬಿ ಮತ್ತು ಇಯಾಲ’ ಸಿನಿಮಾ ಆದದ್ದು, ಸಂಕಲನಕ್ಕೆ ಹೆಸರು ಕೊಟ್ಟ ಕತೆಯೂ 1973ರಷ್ಟು ಹಿಂದೆಯೇ ತೆರೆಗೆ ಬಂದದ್ದು ಗೊತ್ತು. ‘ನಾಲ್ಕು ಸಿನಿಮಾ ಇದೊಂದೇ ಪುಸ್ತಕದೊಳಗಿದೆ, ನೋಡಿ’ ಎಂದು ಕೈಗಿಡುತ್ತಾನೆ. ಹುಡುಗ ಪುಟ ತಿರುವುತ್ತಾನೆ, ಬಿಲ್ ಆಗುತ್ತದೆ. ಕನ್ನಡಕ್ಕೆ ಒಬ್ಬ ಓದುಗ ಹೆಚ್ಚಾಗುವುದು ಎಷ್ಟೋ ಸಲ ಹೀಗೆ, ಕೌಂಟರಿನ ಹಿಂದೆ ನಿಂತವರ ನೆನಪಿನ ಬಲದಿಂದ. ಲೇಖಕರ ಬಗ್ಗೆ, ಪ್ರಕಾಶಕರ ಬಗ್ಗೆ ಬೇಕಾದಷ್ಟು ಬರೆಯುತ್ತೇವೆ. ಇವರ ಕಸುಬಿನ ಬಗ್ಗೆ ಬರೆದದ್ದು ಕಡಿಮೆ.

ಇಂಗ್ಲಿಷ್ ಪುಸ್ತಕಗಳಿಗೆ ದೊಡ್ಡ ವಿತರಕರಿದ್ದಾರೆ; ಹೆಸರು ಒತ್ತಿದರೆ ಎಲ್ಲಿ ಎಷ್ಟು ಪ್ರತಿ ಇದೆ ಎಂದು ಕಂಪ್ಯೂಟರೇ ಹೇಳುತ್ತದೆ. ಕನ್ನಡದಲ್ಲಿ ಬಹುಮಟ್ಟಿಗೆ ಪ್ರಕಾಶಕರೇ ವಿತರಕರು. ಭೈರಪ್ಪನವರ ಕಾದಂಬರಿ ಖಾಲಿಯಾದರೆ ಸಾಹಿತ್ಯ ಭಂಡಾರಕ್ಕೆ ಫೋನು, ತೇಜಸ್ವಿ ಬೇಕಾದರೆ ಮೈಸೂರಿನ ಪುಸ್ತಕ ಪ್ರಕಾಶನಕ್ಕೆ, ಕಾರ್ನಾಡರ ನಾಟಕಗಳಿಗೆ ಧಾರವಾಡದ ಮನೋಹರ ಗ್ರಂಥಮಾಲೆಗೆ, ಅನಂತಮೂರ್ತಿಯವರ ‘ಸಂಸ್ಕಾರ’ಕ್ಕೆ ಹೆಗ್ಗೋಡಿನ ಅಕ್ಷರ ಪ್ರಕಾಶನಕ್ಕೆ. ಇವು ಸುಲಭದವು. ಲೇಖಕರೇ ಕೈಯಿಂದ ಹಣ ಹಾಕಿ ಅಚ್ಚು ಮಾಡಿಸಿ ಮನೆಯಲ್ಲೇ ಕಟ್ಟು ಇಟ್ಟುಕೊಂಡಿರುವ ಪುಸ್ತಕಗಳೂ ಇವೆ. ಅಂಥದ್ದನ್ನು ಯಾರೋ ಪಿಎಚ್.ಡಿ. ವಿದ್ಯಾರ್ಥಿ ಕೇಳಿದಾಗ, ಯಾವ ಊರಿನ ಯಾವ ಮೇಷ್ಟರಿಗೆ ಫೋನು ಮಾಡಬೇಕೆಂಬುದು ಮಾರಾಟಗಾರನ ತಲೆಯಲ್ಲಿರಬೇಕು. ಬಾರ್‌ಕೋಡ್ ಇಲ್ಲದ ಕನ್ನಡ ಪುಸ್ತಕಗಳು ಈಗಲೂ ಎಷ್ಟೋ ಬರುತ್ತವೆ.

ಈ ಕಸುಬಿಗೆ ನಮ್ಮಲ್ಲಿ ದೊಡ್ಡ ಹಿರಿಯರಿದ್ದಾರೆ. ಗಳಗನಾಥರೆಂದು ಹೆಸರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (1869-1942) ಕಾದಂಬರಿ ಬರೆದು ಕೂತವರಲ್ಲ. ಪುಸ್ತಕದ ಹೊರೆ ಹೊತ್ತು ಊರೂರು ತಿರುಗಿ ಮಾರಿದರು. ಉತ್ತರ ಕರ್ನಾಟಕದಲ್ಲಿ ಮರಾಠಿಯ ಪ್ರಭಾವ ದಟ್ಟವಾಗಿದ್ದ ಕಾಲ ಅದು. 1933ರಲ್ಲಿ ಜಿ.ಬಿ. ಜೋಶಿ ಮತ್ತು ಗೆಳೆಯರು ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನಂಬಿ ನಡೆಯಿತು. ಅಂಗಡಿಯೇ ಇಲ್ಲದ ಊರಿಗೂ ಅಂಚೆಯವನ ಚೀಲದಲ್ಲಿ ಹೊಸ ಪುಸ್ತಕ ಬರುತ್ತಿತ್ತು. ಬೆಂಗಳೂರಿನಲ್ಲಿ 1960ರಲ್ಲಿ ನವಕರ್ನಾಟಕ, 1967ರಲ್ಲಿ ಸಪ್ನ ಶುರುವಾದವು. ಎರಡೂ ಮುಂದೆ ಊರೂರಲ್ಲಿ ಮಳಿಗೆ ತೆರೆದು ಕನ್ನಡ ಪುಸ್ತಕ ಕೈಗೆ ಸಿಗುವಂತೆ ಮಾಡಿದವು.

ಮಾರಾಟಗಾರಿಕೆಯನ್ನೇ ಕಲೆಯೆಂದು ಬದುಕಿದವರ ಹೆಸರು ಹೇಳಬೇಕೆಂದರೆ ನನಗೆ ಮೊದಲು ನೆನಪಾಗುವುದು ಇಬ್ಬರು ಶಾನಭಾಗರು. ಟಿ.ಎನ್. ಶಾನಭಾಗ 1948ರಲ್ಲಿ ಮುಂಬೈಯ ಸ್ಟ್ರಾಂಡ್ ಚಿತ್ರಮಂದಿರದಲ್ಲಿ ಸಣ್ಣದೊಂದು ಪುಸ್ತಕದ ಮಳಿಗೆ ಇಟ್ಟು ಅದನ್ನು ದೇಶವೇ ಬಲ್ಲ ಸ್ಟ್ರಾಂಡ್ ಬುಕ್ ಸ್ಟಾಲ್ ಆಗಿ ಬೆಳೆಸಿದರು. 2003ರಲ್ಲಿ ಪದ್ಮಶ್ರೀ ಪಡೆದರು. ಅವರ ಸಂಬಂಧಿ, ಅವರಲ್ಲೇ ಪಳಗಿದ ಟಿ.ಎಸ್. ಶಾನಭಾಗ 1971ರಲ್ಲಿ ಬೆಂಗಳೂರಿನ ಚರ್ಚ್ ಸ್ಟ್ರೀಟ್ ಮೂಲೆಯಲ್ಲಿ ಪ್ರೀಮಿಯರ್ ಬುಕ್ ಶಾಪ್ ತೆರೆದರು. ಒಬ್ಬರು ನಡೆದರೆ ಇನ್ನೊಬ್ಬರು ಪಕ್ಕಕ್ಕೆ ಸರಿಯಬೇಕಾದಷ್ಟು ಇಕ್ಕಟ್ಟು, ನೆಲದಿಂದ ಸೂರಿನವರೆಗೆ ಪುಸ್ತಕ. ಹೊಸಬರಿಗೆ ಅಸ್ತವ್ಯಸ್ತವಾಗಿ ಕಾಣುವ ಆ ರಾಶಿಯಲ್ಲಿ ಯಾವ ಪುಸ್ತಕ ಯಾವ ಪದರದಲ್ಲಿದೆ ಎಂಬುದು ಶಾನಭಾಗರಿಗೆ ತಿಳಿದಿತ್ತು. ಕೇಳುವ ಮೊದಲೇ ರಿಯಾಯಿತಿ ಹಾಕಿ ಬಿಲ್ ಬರೆಯುತ್ತಿದ್ದರು. 2009ರಲ್ಲಿ ಅಂಗಡಿ ಮುಚ್ಚಿತು, 2021ರಲ್ಲಿ ಅವರು ತೀರಿಕೊಂಡರು. ಅದೇ ರಸ್ತೆಯಲ್ಲಿ ಈಗ ಹೆಸರುವಾಸಿಯಾಗಿರುವ ಬ್ಲಾಸಮ್ ಕಟ್ಟಿದ ಮಾಯಿ ಗೌಡರು ಇಂಜಿನಿಯರಿಂಗ್ ಓದುವಾಗ ಎಂ.ಜಿ. ರಸ್ತೆಯ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ಮಾರಿದವರು.

ಇನ್ನು ಕೊಳ್ಳುವವರು.

ಪುಸ್ತಕ ಪ್ರೇಮಿಗಳ ಕೊಳ್ಳುವ ರೀತಿಯನ್ನು ಅಂಗಡಿಯವರಷ್ಟು ಹತ್ತಿರದಿಂದ ಬಲ್ಲವರು ಬೇರಿಲ್ಲ. ಮೇಲಿನ ಪ್ರತಿಯನ್ನು ತಿರುವಿ ನೋಡಿ, ಬಿಲ್ ಮಾಡಿಸಲು ಮಾತ್ರ ಕೆಳಗಿನಿಂದ ಮೂರನೆಯದನ್ನು ಎಳೆಯುವವರಿದ್ದಾರೆ. ಮುನ್ನುಡಿ ಯಾರದೆಂದು ನೋಡಿ ನಿರ್ಧರಿಸುವವರಿದ್ದಾರೆ. ಎಷ್ಟನೆಯ ಮುದ್ರಣ ಎಂದು ನೋಡುವವರಲ್ಲೂ ಎರಡು ಬಗೆ: ಹನ್ನೆರಡನೆಯ ಮುದ್ರಣವೆಂದರೆ ಒಳ್ಳೆಯದೇ ಇರಬೇಕು ಎನ್ನುವವರು, ಮೊದಲ ಮುದ್ರಣವೇ ಬೇಕೆಂದು ಹಟ ಹಿಡಿಯುವ ಸಂಗ್ರಾಹಕರು. ಸಂಬಳವಾದ ವಾರ ಬಂದು, ಬೇಕಾದ ಆರರಲ್ಲಿ ಮೂರನ್ನು ಕೊಂಡು, ಉಳಿದ ಮೂರನ್ನು ‘ಮುಂದಿನ ತಿಂಗಳಿಗೆ ತೆಗೆದಿಡಿ’ ಎಂದು ಹೇಳಿ ಹೋಗುವ ಶಾಲಾ ಶಿಕ್ಷಕರನ್ನು ಅಂಗಡಿಯವರು ಎಲ್ಲರಿಗಿಂತ ಹೆಚ್ಚು ಗೌರವಿಸುತ್ತಾರೆ. ಅವರು ಮುಂದಿನ ತಿಂಗಳು ಖಂಡಿತ ಬರುತ್ತಾರೆ. ಪುಸ್ತಕ ಮಾತ್ರವಲ್ಲ, ತಮ್ಮ ಶಾಲೆಯ ಮಕ್ಕಳಿಗೆ ಬಹುಮಾನ ಕೊಡಲು ಏನು ಕೊಳ್ಳಬೇಕೆಂಬ ಪ್ರಶ್ನೆಯನ್ನೂ ತರುತ್ತಾರೆ.

ಪ್ರಶಸ್ತಿಯ ಅಲೆ ಬೇರೆಯೇ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಇಂಟರ್‌ನ್ಯಾಷನಲ್ ಬೂಕರ್ ಬಂತು. ‘ಹಾರ್ಟ್ ಲ್ಯಾಂಪ್ ಕನ್ನಡದ್ದು ಕೊಡಿ’ ಎಂದವರಿಗೆ ಮಾರಾಟಗಾರರು ತಾಳ್ಮೆಯಿಂದ ವಿವರಿಸಬೇಕಾಯಿತು: ದೀಪಾ ಭಾಸ್ತಿಯವರು ಅನುವಾದಿಸಿದ 12 ಕತೆಗಳು ಹಲವು ವರ್ಷಗಳಲ್ಲಿ ಬರೆದವು, ಬೇರೆ ಬೇರೆ ಸಂಕಲನಗಳಿಂದ ಆಯ್ದವು. ಕೆಲವರು ಅಷ್ಟಕ್ಕೇ ತಿರುಗಿ ಹೋದರು. ಕೆಲವರು ಕೂತು ಕೇಳಿ, ಬಾನು ಅವರದ್ದರ ಜೊತೆಗೆ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ಯನ್ನೂ ಕೊಂಡರು. ಪ್ರಶಸ್ತಿ ಗಿರಾಕಿಯನ್ನು ಬಾಗಿಲವರೆಗೆ ತಂದೀತು. ಎರಡನೆಯ ಪುಸ್ತಕ ಕೊಳ್ಳುವಂತೆ ಮಾಡುವುದು ಮಾರಾಟಗಾರನ ಮಾತು.

ಕವರಿನ ಫೋಟೊ ಹೊಡೆದುಕೊಂಡು ಹೋಗಿ ಆನ್‌ಲೈನಿನಲ್ಲಿ ತರಿಸುವವರ ಬಗ್ಗೆ ಅಂಗಡಿಯವರಿಗೆ ನೋವಿದೆ. ಅದು ನನಗೂ ಸರಿ ಕಾಣುವುದಿಲ್ಲ. ಪುಸ್ತಕವನ್ನು ಮುಟ್ಟಿ ನೋಡುವ ಅವಕಾಶಕ್ಕೆ ಬಾಡಿಗೆ ಕಟ್ಟಿದವರು ಒಬ್ಬರು, ಹಣ ಹೋದದ್ದು ಇನ್ನೊಬ್ಬರಿಗೆ. ಆದರೆ ಕನ್ನಡದ ಅಂಗಡಿಗೆ ಇನ್ನೂ ಹತ್ತಿರದ ಪೈಪೋಟಿಯೊಂದಿದೆ: ಬಿಡುಗಡೆ ಸಮಾರಂಭ. ಬೆಂಗಳೂರಿನಲ್ಲಿ ಭಾನುವಾರ ಬೆಳಿಗ್ಗೆ ಯಾವುದಾದರೂ ಸಭಾಂಗಣದಲ್ಲಿ ಪುಸ್ತಕ ಬಿಡುಗಡೆ ಇದ್ದೇ ಇರುತ್ತದೆ. ಲೇಖಕರ ಸ್ನೇಹಿತರು, ಬಂಧುಗಳು, ಅಭಿಮಾನಿಗಳು ಅಲ್ಲೇ ರಿಯಾಯಿತಿ ದರದಲ್ಲಿ ಕೊಂಡು ಹಸ್ತಾಕ್ಷರ ಹಾಕಿಸಿಕೊಳ್ಳುತ್ತಾರೆ. ಅದು ಚೆಂದದ ಪದ್ಧತಿ, ನಿಲ್ಲಬಾರದು. ಆದರೆ ಪುಸ್ತಕ ಅಂಗಡಿಗೆ ಬರುವ ಹೊತ್ತಿಗೆ ಅದನ್ನು ಖಂಡಿತ ಕೊಳ್ಳುವವರೆಲ್ಲ ಕೊಂಡಾಗಿರುತ್ತದೆ. ಉಳಿದದ್ದನ್ನು ಅಪರಿಚಿತರಿಗೆ ಮಾರುವ ಕಷ್ಟದ ಕೆಲಸ ಅಂಗಡಿಯದು. ಸಾಹಿತ್ಯ ಸಮ್ಮೇಳನದ ಮಳಿಗೆಗಳದ್ದೂ ಇದೇ ಕತೆ; ವರ್ಷದ ಪುಸ್ತಕವನ್ನೆಲ್ಲ ಅಲ್ಲೇ ಕೊಳ್ಳುವ ಓದುಗರಿದ್ದಾರೆ. ನವೆಂಬರಿನಲ್ಲಿ ರಾಜ್ಯೋತ್ಸವದ ನೆಪದಲ್ಲಿ ಸರ್ಕಾರಿ ಪ್ರಕಟಣೆಗಳು ಅರ್ಧ ಬೆಲೆಗೆ ಸಿಕ್ಕಾಗ, ಖಾಸಗಿ ಅಂಗಡಿಯಲ್ಲೂ ಅಷ್ಟೇ ರಿಯಾಯಿತಿ ಯಾಕಿಲ್ಲ ಎಂದು ಜನ ಕೇಳುತ್ತಾರೆ.

ಯಾಕಿಲ್ಲ ಎಂಬುದಕ್ಕೆ ಲೆಕ್ಕ ನೋಡಬೇಕು. ಪ್ರಕಾಶಕರು ಅಂಗಡಿಗೆ ಬಿಡುವ ಕಮಿಷನ್ ಸಾಮಾನ್ಯವಾಗಿ ಶೇ 30ರಿಂದ 40ರ ಆಸುಪಾಸು. 200 ರೂಪಾಯಿಯ ಪುಸ್ತಕಕ್ಕೆ ಶೇ 35 ಎಂದಿಟ್ಟುಕೊಳ್ಳಿ, ಅಂಗಡಿಗೆ 70 ರೂಪಾಯಿ. ಗಿರಾಕಿಗೆ ಶೇ 10 ಬಿಟ್ಟರೆ ಉಳಿಯುವುದು 50. ಸಾಗಾಣಿಕೆ, ಬಾಡಿಗೆ, ಕರೆಂಟು, ಕಾರ್ಡಿನಲ್ಲಿ ಕೊಟ್ಟರೆ ಬ್ಯಾಂಕಿನ ಪಾಲು, ಮೂಲೆ ಮಡಚಿ ಹಾಳಾದ ಪ್ರತಿ, ಕಳುವಾದ ಪ್ರತಿ, ಎಲ್ಲ ಆ 50ರಲ್ಲೇ ಕಳೆಯಬೇಕು. ಕೊನೆಗೆ ಉಳಿದದ್ದರಲ್ಲಿ ಕೌಂಟರಿನ ಹುಡುಗನ ಸಂಬಳ. ನಾವು ಬಿಲ್ಲಿನ ಮುಂದೆ ನಿಂತು ‘ಇನ್ನೈದು ಪರ್ಸೆಂಟ್ ಬಿಡಿ’ ಎನ್ನುವಾಗ ಕೇಳುತ್ತಿರುವುದು ಅಲ್ಲಿಂದ. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲದಿದ್ದರೂ ಕಾಗದಕ್ಕೆ ಇರುವುದರಿಂದ ಬೆಲೆ ಏರುವುದು ನಿಂತಿಲ್ಲ.

ಹಾಗಾದರೆ ಅಂಗಡಿ ನಡೆಯುವುದು ಹೇಗೆ? ಕತೆ, ಕವಿತೆಯಿಂದ ಅಲ್ಲ. ಹೆಚ್ಚಿನ ಊರುಗಳಲ್ಲಿ ಜೂನ್-ಜುಲೈನ ಪಠ್ಯಪುಸ್ತಕ, ನೋಟ್‌ಬುಕ್ಕು, ಕೆಎಎಸ್, ಎಫ್‌ಡಿಎ, ಪಿಡಿಒ ಪರೀಕ್ಷೆಯ ಗೈಡುಗಳು ಅಂಗಡಿಯನ್ನು ವರ್ಷವಿಡೀ ನಿಲ್ಲಿಸುತ್ತವೆ. ಧಾರವಾಡದಲ್ಲಿ ಕೋಚಿಂಗಿಗೆ ಬಂದ ಹುಡುಗರಿಲ್ಲದಿದ್ದರೆ ಎಷ್ಟೋ ರ‍್ಯಾಕುಗಳಲ್ಲಿ ಬೇಂದ್ರೆಯವರಿಗೂ ಜಾಗ ಇರುತ್ತಿರಲಿಲ್ಲ. ಇದನ್ನು ಕೀಳಾಗಿ ನೋಡುವ ಸಾಹಿತ್ಯಾಸಕ್ತರ ಮಾತು ನನಗೆ ಒಪ್ಪಿಗೆಯಿಲ್ಲ. ಗೈಡು ಕೊಳ್ಳಲು ಬಂದವನು ಪಕ್ಕದ ರ‍್ಯಾಕಿನಲ್ಲಿ ‘ಕರ್ವಾಲೊ’ ಕಂಡು ಎತ್ತಿಕೊಳ್ಳುವುದಕ್ಕೆ ಅದು ಅಲ್ಲಿರಬೇಕಲ್ಲ. ಅಂಗಡಿಗಳ ಕಡೆಯ ತಪ್ಪನ್ನೂ ಹೇಳಬೇಕು: ಸಾಲಕ್ಕೆ ಪುಸ್ತಕ ಇಳಿಸಿಕೊಂಡು, ಮಾರಾಟವಾದ ಮೇಲೂ ಸಣ್ಣ ಪ್ರಕಾಶಕರಿಗೆ ತಿಂಗಳುಗಟ್ಟಲೆ ಹಣ ಕೊಡದ ಅಭ್ಯಾಸ ಹಲವರಲ್ಲಿದೆ.

ಈಗ ಮೈಯ ದುಡಿಮೆಗೆ ಬರೋಣ. ‘ಪುಸ್ತಕದ ನಡುವೆ ಕೆಲಸ, ಎಂಥ ಪುಣ್ಯ, ದಿನವಿಡೀ ಓದಬಹುದು’ ಎಂದು ಗಿರಾಕಿಗಳು ಹೇಳುವುದನ್ನು ಮಾರಾಟಗಾರರು ನಗುತ್ತಾ ಕೇಳಿಸಿಕೊಳ್ಳುತ್ತಾರೆ. ಡೆಮಿ ಅಳತೆಯ 200 ಪುಟದ ಪುಸ್ತಕ ಕಾಲು ಕೆ.ಜಿ.ಯಷ್ಟು ತೂಗುತ್ತದೆ, 50 ಪ್ರತಿಯ ಕಟ್ಟು ಎಂದರೆ ಹನ್ನೆರಡು ಕೆ.ಜಿ. ದಾಟಿತು. ಪಾರ್ಸೆಲ್ ಬಂದ ದಿನ ಅಂಥ ಕಟ್ಟುಗಳನ್ನು ಮೆಟ್ಟಿಲ ಮೇಲೆ ಹೊತ್ತು, ದಾರ ಕತ್ತರಿಸಿ, ಚಲನ್ ಜೊತೆ ಒಂದೊಂದನ್ನೂ ತಾಳೆ ನೋಡಿ, ಬೆಲೆ ಚೀಟಿ ಅಂಟಿಸಿ, ಏಣಿ ಹತ್ತಿ ಮೇಲಿನ ಸಾಲಿಗೆ ಸೇರಿಸಬೇಕು. ಹಳೆಯ ಪುಸ್ತಕದ ಧೂಳಿಗೆ ಸೀನು, ಕೆಮ್ಮು ತಪ್ಪಿದ್ದಲ್ಲ. ರಾತ್ರಿ ಬಾಗಿಲು ಹಾಕುವ ಮುಂಚಿನ ಹೊತ್ತು ಬಹುಪಾಲು ಹೋಗುವುದು ನಾವು ನೋಡಿ ಎಲ್ಲೆಲ್ಲೋ ಇಟ್ಟುಹೋದ ಪುಸ್ತಕಗಳನ್ನು ಅದರದರ ಜಾಗಕ್ಕೆ ಸೇರಿಸುವುದರಲ್ಲಿ. ಅಡುಗೆ ಪುಸ್ತಕಗಳ ನಡುವೆ ಸೇರಿಹೋದ ಕವನ ಸಂಕಲನ ಮಾರ್ಚ್‌ ಕೊನೆಯ ಸ್ಟಾಕ್ ಎಣಿಕೆಯವರೆಗೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಊರಿಗೆಲ್ಲ ರಜೆ ಇರುವ ದಿನವೇ ಅಂಗಡಿಗೆ ವ್ಯಾಪಾರ. ಹಾಗಾಗಿ ಭಾನುವಾರ ಮಕ್ಕಳ ಜೊತೆ ಇರುವುದು ಇವರಲ್ಲಿ ಹಲವರಿಗೆ ಆಗದ ಮಾತು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ ಒಂಬತ್ತು, ವಾರಕ್ಕೆ 48 ಗಂಟೆಯ ದುಡಿಮೆಯ ಮಿತಿ ಮತ್ತು ವಾರಕ್ಕೊಂದು ರಜೆಯ ಲೆಕ್ಕದಲ್ಲಿ ಬರೆದದ್ದು. ನಿಲ್ಲುವುದರ ಬಗ್ಗೆ ಮಾತೆತ್ತಿದವರು ಕೇರಳದ ಹೆಂಗಸರು. ಕೋಳಿಕ್ಕೋಡಿನ ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಂತೇ ಇರಬೇಕಾದ ಮಾರಾಟಗಾರ್ತಿಯರು ಕೂರುವ ಹಕ್ಕಿಗಾಗಿ ಹೋರಾಡಿದರು, 2018ರಲ್ಲಿ ಅಲ್ಲಿ ಕಾನೂನು ತಿದ್ದುಪಡಿಯಾಯಿತು. 2021ರಲ್ಲಿ ತಮಿಳುನಾಡೂ ಅದೇ ದಾರಿ ಹಿಡಿಯಿತು. ನಮ್ಮ ಪುಸ್ತಕದಂಗಡಿಗಳ ಕೌಂಟರಿನ ಹಿಂದೆ ಒಂದೊಂದು ಸ್ಟೂಲಾದರೂ ಇರಬೇಕು, ಗಿರಾಕಿ ಬಂದಾಗಲೂ ಅದರ ಮೇಲೆ ಕೂತೇ ಮಾತಾಡಿದರೆ ಯಾರಿಗೂ ಅವಮಾನವಾಗುವುದಿಲ್ಲ.

ಇಷ್ಟರ ನಡುವೆಯೂ ಓದುವ ಮಾರಾಟಗಾರರಿದ್ದಾರೆ. ಎಸ್ಸೆಸ್ಸೆಲ್ಸಿ ಮುಗಿಸಿ ಬೇರೆ ಕೆಲಸ ಸಿಗದೆ ಬಂದು ಸೇರಿದವರು, ದಿನಕ್ಕೆ ನಾಲ್ಕು ಜನ ಕೇಳುವ ಕಾದಂಬರಿಯಲ್ಲಿ ಅಂಥದ್ದೇನಿದೆ ಎಂದು ಬಸ್ಸಿನಲ್ಲಿ ಓದಲು ಶುರು ಮಾಡಿ ಕ್ರಮೇಣ ಒಳ್ಳೆಯ ವಿಮರ್ಶಕರಾಗಿಬಿಟ್ಟಿರುತ್ತಾರೆ. ಅವರ ಅಭಿಪ್ರಾಯ ಎಲ್ಲೂ ಅಚ್ಚಾಗುವುದಿಲ್ಲ. ‘ಮೊದಲು ಇದನ್ನ ಓದಿ ಸಾರ್, ಅದು ಆಮೇಲೆ’ ಎಂಬ ಒಂದು ಮಾತಿನಲ್ಲಿ ಅದು ನಮಗೆ ಸಿಗುತ್ತದೆ. ಕಾರಂತರನ್ನು ಎಲ್ಲಿಂದ ಆರಂಭಿಸಬೇಕು ಎಂದು ಕೇಳಿದ ಗೃಹಿಣಿಗೆ ಒಬ್ಬರು ‘ಅಳಿದ ಮೇಲೆ’ ಕೊಟ್ಟದ್ದನ್ನು ನೋಡಿದ್ದೇನೆ. ನಾನಾಗಿದ್ದರೆ ‘ಚೋಮನ ದುಡಿ’ ಎನ್ನುತ್ತಿದ್ದೆ. ಆಕೆ ಆಗಲೇ ಹಲವು ಸಾಮಾಜಿಕ ಕಾದಂಬರಿ ಓದಿ ಮುಗಿಸಿದವರೆಂದು ಅವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

2024ರ ಡಿಸೆಂಬರಿನಲ್ಲಿ ಅಂಚೆ ಇಲಾಖೆ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಲ್ಲಿಸಿದ ಮೇಲೆ ಸಣ್ಣ ಊರಿನ ಓದುಗರಿಗೆ ಪುಸ್ತಕ ಕಳಿಸುವುದೂ ದೂರದ ಪ್ರಕಾಶಕರಿಂದ ಒಂದೆರಡು ಪ್ರತಿ ತರಿಸುವುದೂ ದುಬಾರಿಯಾಗಿದೆ. ಒಂದೇ ಪ್ರತಿಯಾದರೆ ಕೊರಿಯರಿಗೇ ಕಮಿಷನ್ನಿನ ದೊಡ್ಡ ಪಾಲು ಹೋಗುತ್ತದೆ. ಅದಕ್ಕೇ ಒಬ್ಬ ಪ್ರಕಾಶಕರದ್ದು ನಾಲ್ಕಾರು ಆರ್ಡರ್ ಸೇರುವವರೆಗೆ ಅಂಗಡಿಯವರು ಕಾಯುತ್ತಾರೆ, ನಮ್ಮನ್ನೂ ಕಾಯಲು ಕೇಳುತ್ತಾರೆ. ಹೀಗೆ ತರಿಸಿದ ಪುಸ್ತಕಗಳನ್ನು ಹೆಸರು, ನಂಬರ್ ಬರೆದ ಚೀಟಿ ಸಿಕ್ಕಿಸಿ ಕೌಂಟರಿನ ಕೆಳಗೆ ಇಟ್ಟಿರುತ್ತಾರೆ. ಹೇಳಿ ಹೋದವರಲ್ಲಿ ಹಲವರು ಮತ್ತೆ ಬರುವುದೇ ಇಲ್ಲ. ಬೇಡವಾಗಿದ್ದರೆ ಒಂದು ಫೋನ್ ಮಾಡಿ ತಿಳಿಸಿದರೂ ಸಾಕು, ಚೀಟಿ ತೆಗೆದು ರ‍್ಯಾಕಿಗೆ ಇಡುತ್ತೇವೆ, ಬೇಕಾದ ಇನ್ನೊಬ್ಬರು ಒಯ್ಯುತ್ತಾರೆ ಎನ್ನುತ್ತಾರೆ ಅಂಗಡಿಯವರು.